ದಾರಿ ಪದದ ಕೊನೆಯ ಊರು

೧೯೩೮ರ ಬೇಸಿಗೆಯಲ್ಲಿ ನಾನು ಜಗಳೂರಿನಲ್ಲಿ ಮಿಡ್‌ವೈಫ್ ಆಗಿದ್ದೆ. ಮಿಡ್‌ವೈಫ್ ಎಂದರೆ ತರಬೇತಿ ಪಡೆದ ಸೂಲಗಿತ್ತಿ. ಸರ್ಕಾರದ ಸಂಬಳ, ಒಂದು ಚರ್ಮದ ಬ್ಯಾಗು. ಅದರೊಳಗೆ ಕತ್ತರಿ, ದಾರ, ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ಬಾಟಲಿ, ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಕೇಳುವ ಫೀಟಲ್ ಸ್ಟೆತಾಸ್ಕೋಪ್ ಎಂಬ ಮರದ ಕೊಳವೆ. ಜನ ನನ್ನನ್ನು ನರ್ಸಮ್ಮ ಎನ್ನುತ್ತಿದ್ದರು. ನಾನು ನರ್ಸ್ ಅಲ್ಲ ಎಂದು ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಸುಮ್ಮನೆ ಬಾಯಿ ನೋಯಿಸಿಕೊಳ್ಳುವುದು ಯಾಕೆಂದು ಬಿಟ್ಟೆ. ಅದಕ್ಕೆ ಮುಂಚೆ ಹೊನ್ನಾಳಿಯಲ್ಲೂ ಚನ್ನಗಿರಿಯಲ್ಲೂ ಇದ್ದೆ. ಚನ್ನಗಿರಿಯಲ್ಲಿದ್ದಾಗ ಕೆರೆಬಿಳಚಿಯ ಮುಸಲ್ಮಾನರ ಮನೆಗಳಿಗೆ ಹೆರಿಗೆಗೆ ಹೋಗಿ ಹೋಗಿ ಉರ್ದು ಕಿವಿಗೆ ಬಿದ್ದಿತ್ತು. ಮಾತಾಡಲು ತಡವರಿಸುತ್ತಿದ್ದೆ, ಕೇಳಿದ್ದು ಮಾತ್ರ ಪೂರ್ತಿ ತಿಳಿಯುತ್ತಿತ್ತು. ಈ ಪ್ರಕರಣಕ್ಕೆ ಆ ಉರ್ದು ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಪದ್ಯ, ಹಾಡು ಇವುಗಳ ವಿಷಯದಲ್ಲಿ ನಾನು ಕಲ್ಲು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಪರೀಕ್ಷೆಯ ಮಾರನೇ ದಿನ ಮರೆತಿದ್ದೆ. ಮದುವೆ ಮನೆಯಲ್ಲಿ ಹಾಡು ಶುರುವಾದರೆ ಪಾತ್ರೆ ತೊಳೆಯಲು ಎದ್ದು ಹೋಗುವವಳು ನಾನು. ಕೆಲಸದಲ್ಲೂ ಅಷ್ಟು ಹೊತ್ತಿಗೆ ಮರಗಟ್ಟಿದ್ದೆ. ಸತ್ತು ಹುಟ್ಟಿದ ಮೊದಲ ಕೂಸಿಗೆ ಅತ್ತಿದ್ದೆ, ಎರಡನೆಯದಕ್ಕೆ ಊಟ ಬಿಟ್ಟಿದ್ದೆ. ಆಮೇಲೆ ಕೂಸನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಗಂಡಸರ ಕೈಗೆ ಕೊಟ್ಟು, ಮನೆಗೆ ಬಂದು ಅನ್ನ ಸಾರು ಉಣ್ಣುತ್ತಿದ್ದೆ. ಏನೂ ಅನ್ನಿಸುತ್ತಿರಲಿಲ್ಲ. ಅನ್ನಿಸಬೇಕಿತ್ತು ಎಂದೂ ಅನ್ನಿಸುತ್ತಿರಲಿಲ್ಲ.

ಊರಿನಲ್ಲಿ ಖಾಸಿಂಬಿ ಎಂಬ ವಿಧವೆ ಶೇಂಗಾ ವ್ಯಾಪಾರ ನಡೆಸುತ್ತಿದ್ದಳು. ಗಟ್ಟಿ ಹೆಂಗಸು. ಜಗಳೂರಿನಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಜಗಳವಾಡಿದರೆ ಬೀದಿಯೆಲ್ಲ ನಿಂತು ಕೇಳಬೇಕು. ಒಬ್ಬನೇ ಮಗನಿಗೆ ಹೈದರಾಬಾದಿನ ಕಡೆಯಿಂದ ಹೆಣ್ಣು ತಂದಿದ್ದಳು. ಹುಡುಗಿಯ ಹೆಸರು ಜೈತುನ್. ಹದಿನೆಂಟು ತುಂಬಿರಲಿಲ್ಲ. ಬಂದು ವರ್ಷವಾಗಿದ್ದರೂ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಅತ್ತೆ, ಗಂಡ ಬಿಟ್ಟರೆ ಮಾತಿಗೆ ಬೇರೆ ಜನವೂ ಇರಲಿಲ್ಲ.

ಅವಳ ಚೊಚ್ಚಲ ಹೆರಿಗೆಗೆ ನನ್ನನ್ನು ಕರೆದಾಗ ನೋವು ಶುರುವಾಗಿ ಎರಡು ದಿನ ಕಳೆದಿತ್ತು. ಕೊಳವೆ ಇಟ್ಟು ಕೇಳಿದೆ, ಎದೆಬಡಿತ ಇರಲಿಲ್ಲ. ಕೂಸನ್ನು ಹೊರಗೆ ತೆಗೆಯುವಷ್ಟರಲ್ಲಿ ಹುಡುಗಿಗೆ ಪ್ರಜ್ಞೆ ತಪ್ಪಿತ್ತು. ಆಮೇಲೆ ಬಾಣಂತಿ ಜ್ವರ ಬಂತು. ಅವಳು ಕಣ್ಣು ಬಿಟ್ಟು ನೋಡುವ ಹೊತ್ತಿಗೆ ಕೂಸು ಮಣ್ಣು ಸೇರಿತ್ತು.

ಖಾಸಿಂಬಿ ನನ್ನನ್ನು ಬಾಗಿಲ ಹಿಂದಕ್ಕೆ ಕರೆದು, "ನರ್ಸಮ್ಮಾ, ಅವ್ಳಿಗೆ ಈಗ ಏನೂ ಹೇಳಬ್ಯಾಡ್ರಿ. ಮೈಯಾಗೆ ಒಸಿ ಕಸುವು ಬರ್ಲಿ. ಕೇಳಿದ್ರೆ ನಾನೇ ಹೇಳ್ತೀನಿ" ಎಂದಳು. ಆಗ ಎಲ್ಲ ಮನೆಗಳಲ್ಲೂ ಅದೇ ರೂಢಿ, ನಮ್ಮ ತರಬೇತಿಯಲ್ಲೂ ಹಾಗೇ ಕಲಿಸಿದ್ದರು: ತಾಯಿಗೆ ತೋರಿಸಬಾರದು, ಹೇಳಬಾರದು, ಬೇಗ ಮರೆಯಬೇಕು. ಆದರೆ ಜೈತುನ್ ಕೇಳಲೇ ಇಲ್ಲ. ಜ್ವರ ಇಳಿಯಿತು, ಹುಡುಗಿ ಏಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಕೂಸಿಲ್ಲದಿದ್ದರೂ ಎದೆಗೆ ಹಾಲು ಬಂತು. ನಾನು ಹೋಗಿ ಬಿಗಿಯಾಗಿ ಬಟ್ಟೆ ಕಟ್ಟಿದೆ. ನೋವಿಗೆ ಹಾ ಎನ್ನಲಿಲ್ಲ. ಗಂಜಿ ಬಾಯಿಗಿಟ್ಟರೆ ಕಡೆವಾಯಿಯಿಂದ ಇಳಿದು ದಿಂಬಿಗೆ ಹೋಗುತ್ತಿತ್ತು. ಡಾಕ್ಟರು ಬಂದು ನೋಡಿ, "ದೇಹದಲ್ಲಿ ಏನೂ ಇಲ್ಲಮ್ಮ, ಆದರೆ ಹೀಗೇ ಬಿಟ್ಟರೆ ಉಳಿಯೋದಿಲ್ಲ" ಎಂದು ಟಾನಿಕ್ ಬರೆದುಕೊಟ್ಟು ಹೋದರು. ಟಾನಿಕ್ಕೂ ದಿಂಬಿಗೇ ಹೋಯಿತು.

ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೂ ದಿನಾ ಮಧ್ಯಾಹ್ನ ಹೋಗುತ್ತಿದ್ದೆ. ಮರುಕದಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಕೈಯಲ್ಲಿ ಹೆತ್ತವಳು ಕಣ್ಣೆದುರೇ ಸಾಯುತ್ತಿದ್ದಾಳೆ, ನೋಡದೆ ಇರುವುದು ಹೇಗೆ ಎಂಬ ಹಟವಿತ್ತು, ಅಷ್ಟೇ.

ಬಿತ್ತನೆ ಹತ್ತಿರ ಬಂದಿತ್ತು. ಬೀಜದ ಶೇಂಗಾವನ್ನು ಬಡಿದು ಬಿಡಿಸುವಂತಿಲ್ಲ, ಕಾಳಿನ ಸಿಪ್ಪೆ ಒಡೆದರೆ ಮೊಳಕೆ ಬರುವುದಿಲ್ಲ, ಕೈಯಲ್ಲೇ ಸುಲಿಯಬೇಕು. ಹಾಗಾಗಿ ಖಾಸಿಂಬಿಯ ಒಳಅಂಗಳದಲ್ಲಿ ಶೇಂಗಾದ ರಾಶಿ ಹಾಕಿ ಹತ್ತು ಹನ್ನೆರಡು ಹೆಂಗಸರು ಸುತ್ತ ಕೂತರು. ಅವರಲ್ಲಿ ಹಿರಿಯಳು ದುರುಗವ್ವ, ಹಲ್ಲೆಲ್ಲ ಉದುರಿದ ಮುದುಕಿ. ಅವಳು ಕೂತ ಕೂಡಲೇ ಪದ ಶುರು. ಅದಕ್ಕೆ ದಾರಿ ಪದ ಎನ್ನುತ್ತಿದ್ದರು. ಜೈತುನ್ ಮಲಗಿದ್ದ ಕೋಣೆಯ ಬಾಗಿಲು ಆ ಅಂಗಳಕ್ಕೇ ತೆರೆಯುತ್ತಿತ್ತು.

ಕಥೆ ಇಷ್ಟು. ಮಾಳವ್ವ ಎಂಬ ಕುರಿಗಾರರ ಸೊಸೆ. ಗಂಡ ಹಾಸಿಗೆ ಹಿಡಿದಿದ್ದಾನೆ. ಬೇಸಿಗೆಯಲ್ಲಿ ಹುಲ್ಲು ಹುಡುಕಿಕೊಂಡು ಕುರಿಮಂದೆಯ ಜೊತೆ ಅವಳೇ ಹೊರಡುತ್ತಾಳೆ, ಹಸುಗೂಸನ್ನು ಕಂಬಳಿಯಲ್ಲಿ ಕಟ್ಟಿಕೊಂಡು. ಊರಿಂದ ಊರಿಗೆ ನಡಿಗೆ. ಪ್ರತಿ ಊರಿನಲ್ಲೂ ಒಂದು ಬಾವಿ, ಒಬ್ಬ ಗೌಡ, ಒಂದು ಮಾತುಕತೆ. "ಎಷ್ಟು ಊರು ಐತವ್ವ ನಿನ್ನ ಪದದಾಗೆ?" ಎಂದು ಒಂದು ದಿನ ರೇಗಿ ಕೇಳಿದೆ. ದುರುಗವ್ವ ಸುಲಿಯುತ್ತಲೇ, "ರಾಶಿ ಎಷ್ಟೈತೋ ಅಷ್ಟೂರು ನರ್ಸಮ್ಮಾ. ರಾಶಿ ಕರಗಿದ್ರೆ ಪದ ಮುಗೀತೈತೆ. ಕೊನೇ ಊರು ಮಾತ್ರ ನಾವು ಕುಂತಿರೋ ಊರೇ ಆಗ್ಬೇಕು, ಅದು ಪದ್ಧತಿ" ಎಂದಳು.

ಎರಡನೇ ದಿನವೋ ಮೂರನೇ ದಿನವೋ ಜೈತುನ್ ಮಗ್ಗುಲು ಬದಲಿಸಿದಳು. ಗೋಡೆ ಕಡೆಯಿಂದ ಬಾಗಿಲ ಕಡೆಗೆ. ಖಾಸಿಂಬಿ ಅದನ್ನು ನೋಡಿದಳು. ಹೋಗಿ ಹೊಸ್ತಿಲ ಮೇಲೆ ಕೂತು, ದುರುಗವ್ವ ಉಸಿರು ತೆಗೆದುಕೊಂಡಾಗಲೆಲ್ಲ ಆ ಪದವನ್ನು ಉರ್ದುವಿನಲ್ಲಿ ಹೇಳತೊಡಗಿದಳು. ಹಾಡಾಗಿ ಅಲ್ಲ, ಮಾತಾಗಿ. ನನಗೆ ಎರಡೂ ತಿಳಿಯುತ್ತಿದ್ದುದರಿಂದ ಮೊದಮೊದಲು ನಗು ಬರುತ್ತಿತ್ತು. ಮಾಳವ್ವ ಹೈದರಾಬಾದಿನ ಹುಡುಗಿಯ ಹಾಗೆ ಸೆರಗು ಹೊದ್ದಳು. ರಾಗಿ ಮುದ್ದೆ ಹೋಗಿ ರೊಟ್ಟಿ ಬಂತು. ಮಾರಿಗುಡಿಯ ಕಟ್ಟೆ ದರ್ಗಾದ ಕಟ್ಟೆಯಾಯಿತು. ಏನಪ್ಪಾ ಇದು, ಹೀಗೆ ಕಲಸಿದರೆ ಪದದ ಗತಿ ಏನು ಎಂದುಕೊಂಡೆ. ಆದರೆ ಹುಡುಗಿಯ ಕಣ್ಣು ನೋಡಿದರೆ ಅವಳು ಆ ದಾರಿಯಲ್ಲೇ ಇದ್ದಳು. ಅವಳು ಕಂಡಿದ್ದ ಕಟ್ಟೆ, ಉಂಡಿದ್ದ ರೊಟ್ಟಿ ಇಟ್ಟರಲ್ಲವೇ ಅವಳಿಗೆ ಅಲ್ಲಿ ನಡೆಯಲು ಬರುವುದು? ಆ ಸಂಜೆ ನಾಲ್ಕು ಗುಟುಕು ಗಂಜಿ ಒಳಗೆ ಹೋಯಿತು. ನಾನೂ ಮಾರನೇ ದಿನ ಹಾಡಿನ ಹೊತ್ತು ನೋಡಿಕೊಂಡೇ ಹೋದೆ.

ಆ ದಿನವೇ ದುರುಗವ್ವ ಕೂಸಿನ ಜ್ವರದ ಭಾಗಕ್ಕೆ ಬಂದಳು. ದಾರಿಯಲ್ಲಿ ನೆರಳಿಲ್ಲ, ಕೂಸಿನ ಮೈ ಸುಡುತ್ತದೆ, ಹೊಳೆ ದಾಟುವಾಗ ಕಂಬಳಿಯೊಳಗೆ ಕೈಯಿಟ್ಟರೆ ತಣ್ಣಗಾಗಿದೆ. ಸುತ್ತ ಕೂತ ಹೆಂಗಸರ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ಸುಲಿಯುತ್ತಲೇ ಇದ್ದವು. ಜೈತುನ್ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಖಾಸಿಂಬಿ, ಜ್ವರ ಇಳಿಯಿತು, ಕೂಸು ತಂಪಾಗಿ ನಿದ್ದೆ ಹೋಯಿತು ಎಂದಳು.

ಕೆಲಸ ಮುಗಿದ ಮೇಲೆ ನಾನು ಅವಳನ್ನು ಹಿಡಿದುಕೊಂಡೆ. "ಯಾಕ್ರೀ ಖಾಸಿಂಬಮ್ಮ, ಪದ ಕೆಡಿಸಿದ್ರಿ?"

"ಪದ ಏನು ನರ್ಸಮ್ಮಾ, ಮುಂದಿನ ವರ್ಷ ಇನ್ನೊಂದು ಹಾಡ್ತಾರೆ. ಸೊಸೇನ ಎಲ್ಲಿಂದ ತರ್ಲಿ?"



ಮುಂದಿನ ದಿನಗಳ ಪದವೆಲ್ಲ ಸತ್ತ ಕೂಸನ್ನು ಹೊತ್ತು ತಿರುಗುವುದೇ. ಮಂದೆ ನಿಲ್ಲುವಂತಿಲ್ಲ, ಮಾಳವ್ವ ನಿಲ್ಲುವಂತಿಲ್ಲ. ಯಾವ ಊರಿನವರೂ ಪರಸ್ಥಳದ ಹೆಣಕ್ಕೆ ತಮ್ಮ ಮಣ್ಣು ಕೊಡುವುದಿಲ್ಲ. ಅವಳು ಪ್ರತಿ ಊರಿನ ಬಾಗಿಲಲ್ಲೂ ಒಂದೇ ಮಾತು ಕೇಳುತ್ತಾಳೆ. ಹಾಡು ಎಂದರೆ ಎದ್ದುಹೋಗುತ್ತಿದ್ದ ನನಗೆ ಅದು ಇವತ್ತಿಗೂ ಬಾಯಿಗೆ ಬರುತ್ತದೆ.

ಕಂಬಳಿ ತುದಿಯಾಗ ಕಟ್ಟೀನಿ ಕೂಸನ್ನ
ಇಂಬಿಲ್ಲ ಮಲಗಾಕೆ ಯಾವೂರು – ತಾಯವ್ವ
ಅಂಬೆಗಾಲಿಡುವಷ್ಟು ನೆಲ ನೀಡೆ

ಖಾಸಿಂಬಿ ಇದನ್ನು ಬಿಡಾರ ಕೇಳುವ ಮಾತು ಮಾಡಿಬಿಟ್ಟಳು: ರಾತ್ರಿ ಉಳಿಯಲು ಒಂದಿಷ್ಟು ಜಾಗ ಕೊಡಿ, ಕೂಸಿಗೆ ನಿದ್ದೆ ಬಂದಿದೆ. ಎರಡು ದಿನ ಹೀಗೆ ನಡೆಯಿತು. ಅಂಗಳದಲ್ಲಿ ಹನ್ನೆರಡು ಹೆಂಗಸರ ಅಳು, ಹೊಸ್ತಿಲಲ್ಲಿ ಹಾಯಾಗಿ ನಿದ್ದೆ ಮಾಡುವ ಕೂಸು. ಜೈತುನ್ ಒಮ್ಮೆ ಅತ್ತೆಯನ್ನು, ಒಮ್ಮೆ ಅಂಗಳವನ್ನು ನೋಡುತ್ತಿದ್ದಳು. ಗಂಜಿ ಮತ್ತೆ ದಿಂಬಿಗೆ ಇಳಿಯತೊಡಗಿತು.

ಮೂರನೇ ದಿನ, ದುರುಗವ್ವ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಹೆರಿಗೆಯಾದ ಮೇಲೆ ಮೊದಲ ಸಲ ಜೈತುನ್ ಬಾಯಿ ಬಿಟ್ಟಳು.

"ಬಚ್ಚಾ ಜಿಂದಾ ಹೈ ತೊ ಯೇ ಲೋಗಾಂ ಕೈಕು ರೋತೈಂ?"

ಕೂಸು ಬದುಕಿದ್ದರೆ ಇವರೆಲ್ಲ ಯಾಕೆ ಅಳುತ್ತಾರೆ?

ದುರುಗವ್ವ ಕೈ ನಿಲ್ಲಿಸಿ, "ಹುಡುಗಿ ಮಾತಾಡಿದ್ಲಲ್ಲ! ಏನಂದ್ಲು ಬೂಬಮ್ಮಾ?" ಎಂದಳು.

"ಕೂಸು ಬದುಕೈತಲ್ಲ, ನೀವ್ಯಾಕೆ ಅಳ್ತೀರಿ ಅಂತಾಳೆ" ಎಂದಳು ಖಾಸಿಂಬಿ, ನೆಲ ನೋಡುತ್ತ.

"ಅಯ್ಯೋ ಶಿವನೇ! ಬದುಕೈತೆ ಅಂದ್ರಾ? ಹೊಳೆಯಾಗೆ ಸತ್ತಿದ್ದು ಹೇಳ್ಲಿಲ್ವಾ?" ಮುದುಕಿಗೆ ಸಿಟ್ಟು ಬಂದಿತ್ತು. "ಸತ್ತಿಲ್ಲ ಅಂದ್ರೆ ಆ ತಾಯಿ ಊರೂರು ಯಾಕೆ ಅಲೀತಾಳೆ? ಅವ್ಳು ಮಣ್ಣು ಕೇಳಾಕೆ ಹೊಂಟಿರೋದು ಬೂಬಮ್ಮಾ. ನೀವು ಸರಿಯಾಗಿ ಹೇಳೋಗಂಟ ನಾನು ಮುಂದಕ್ಕೆ ಹಾಡಾಕಿಲ್ಲ."

ಎಲ್ಲರ ಕೈಯೂ ನಿಂತಿತು. ಖಾಸಿಂಬಿ ಹೊಸ್ತಿಲು ದಾಟಿ ಒಳಗೆ ಹೋಗಿ ಸೊಸೆಯ ಪಕ್ಕ ಕೂತಳು. "ಮರ್ ಗಯಾ ಬೇಟಿ. ಪರಸೋಂಚ್ ಮರ್ ಗಯಾ." ಸತ್ತುಹೋಯಿತು ಮಗಳೇ, ಮೊನ್ನೆಯೇ ಸತ್ತುಹೋಯಿತು.

ಜೈತುನ್ "ಮೇರಾ ಬೀ?" ಎಂದಳು. ನನ್ನದೂ?

ಖಾಸಿಂಬಿ ತಲೆಯಾಡಿಸಿದಳು. ಹುಡುಗಿ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ ಗಂಡೋ ಹೆಣ್ಣೋ ಎಂದು ಕೇಳಿದಳು. ಹೇಗಿತ್ತು ಎಂದು ಕೇಳಿದಳು. ನೋಡಿದವಳು ನಾನೊಬ್ಬಳೇ, ಅಜ್ಜಿಯಾದ ಖಾಸಿಂಬಿಯೂ ಸುತ್ತಿದ ಬಟ್ಟೆಯನ್ನಷ್ಟೇ ಕಂಡಿದ್ದಳು. ನನ್ನ ಹರಕು ಉರ್ದು ಆಗ ಕೈಕೊಟ್ಟಿತು. ಕನ್ನಡದಲ್ಲೇ ಹೇಳಿದೆ, ಖಾಸಿಂಬಿ ಉರ್ದು ಮಾಡಿದಳು.

"ಹೆಣ್ಣು. ತಲೆ ತುಂಬ ಕಪ್ಪು ಕೂದಲಿತ್ತು. ಬಲಗೈ ಮುಷ್ಟಿ ಬಿಗಿಯಾಗಿತ್ತು, ತೊಳೆಯುವಾಗ ನಾನು ಬಿಡಿಸಿದೆ, ಮತ್ತೆ ಮುಚ್ಚಿಕೊಂಡಿತು. ಉಗುರು ಉದ್ದವಾಗಿದ್ದವು. ಗದ್ದದಲ್ಲಿ ಸಣ್ಣ ಕುಳಿ ಇತ್ತು, ನಿನಗಿದೆಯಲ್ಲ, ಹಾಗೇ."

ಹೇಳುತ್ತ ಹೋದಂತೆ ನನಗೇ ಆಶ್ಚರ್ಯ. ನಾನು ಏನನ್ನೂ ನೋಡಿಲ್ಲ ಎಂದುಕೊಂಡಿದ್ದೆ. ಎಲ್ಲವನ್ನೂ ನೋಡಿದ್ದೆ. ಖಾಸಿಂಬಿ ಈ ಸಲ ಒಂದು ಮಾತನ್ನೂ ಬದಲಿಸಲಿಲ್ಲ. ನಾನು ಕಿವಿಗೊಟ್ಟು ಕೇಳಿದೆ. ಜೈತುನ್ ಬೆರಳೆತ್ತಿ ತನ್ನ ಗದ್ದ ಮುಟ್ಟಿಕೊಂಡಳು. ಆಮೇಲೆ ಅತ್ತಳು. ನಮ್ಮ ಕಡೆಯವರು ಅಳುವ ಹಾಗೆ, ಬಾಯಿ ತೆರೆದು, ಜೋರಾಗಿ.

ಅಂಗಳದಲ್ಲಿ ರಾಶಿ ಇನ್ನೂ ಅರ್ಧ ಇತ್ತು. ಲೆಕ್ಕಕ್ಕೆ ಇನ್ನೂ ಎಷ್ಟೋ ಊರು ಬಾಕಿ. ಆದರೆ ದುರುಗವ್ವ ನಡುವಿನ ಊರುಗಳನ್ನೆಲ್ಲ ಬಿಟ್ಟು ಕೊನೆಯದಕ್ಕೆ ಬಂದಳು. ಮಾಳವ್ವ ಜಗಳೂರಿನ ಬಾಗಿಲಿಗೆ ಬರುತ್ತಾಳೆ. ನೆಲ ಕೇಳುತ್ತಾಳೆ. ಊರಿನ ಹೆಂಗಸರು ಹೊರಗೆ ಬಂದು ಕಂಬಳಿ ಇಳಿಸಿಕೊಳ್ಳುತ್ತಾರೆ, ಇದು ನಿನ್ನ ಮಣ್ಣೂ ಹೌದು ಎನ್ನುತ್ತಾರೆ. ಪದ ಅಷ್ಟೇ. ಕೂಸನ್ನು ಮಣ್ಣು ಮಾಡಿದ್ದು ಎಲ್ಲಿ, ಯಾವ ದಿಕ್ಕು ಎಂದು ಪದದಲ್ಲಿ ಇಲ್ಲ.

ಖಾಸಿಂಬಿ ಅದನ್ನು ಹೇಳಿದಳು. ಹೇಳಿ, ನಿಲ್ಲಿಸಲಿಲ್ಲ. ಊರಿನ ಪಡುವಣಕ್ಕೆ ಖಬರಸ್ತಾನವಿದೆ, ಎಂದಳು. ಒಳಗೆ ಹೋದರೆ ಎಡಕ್ಕೆ ಹುಣಸೆ ಮರ. ಮರದ ಬುಡದಲ್ಲಿ ನಿನ್ನ ಮಾವನ ಗೋರಿ. ಅವರ ಕಾಲ ಹತ್ತಿರ ಮಲಗಿಸಿದ್ದಾರೆ, ಮಧ್ಯಾಹ್ನದ ಹೊತ್ತೂ ಅಲ್ಲಿ ನೆರಳಿರುತ್ತದೆ. ಹೆಂಗಸರು ಅಲ್ಲಿಗೆ ಹೋಗುವಂತಿರಲಿಲ್ಲ; ಖಾಸಿಂಬಿ ಮಗನನ್ನು ಕೂರಿಸಿಕೊಂಡು ಒಂದೊಂದೇ ಕೇಳಿ ತಿಳಿದಿಟ್ಟುಕೊಂಡಿದ್ದಳು. ಅಷ್ಟು ದಿನ ಒಬ್ಬಳೇ ಇಟ್ಟುಕೊಂಡಿದ್ದಳು.

ಆ ಸಂಜೆ ಜೈತುನ್ ಎದ್ದು ಕೂತು ಗಂಜಿ ಕುಡಿದಳು. ಅರ್ಧ ಕುಡಿದು, ಉಪ್ಪೇ ಇಲ್ಲ ಎಂದು ಮುಖ ಸಿಂಡರಿಸಿದಳು. ಖಾಸಿಂಬಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನೋಡ್ರಿ ನರ್ಸಮ್ಮಾ, ಹದಿನೈದು ದಿನ ನಾನು ಸಪ್ಪೆ ಗಂಜಿ ಮಾಡಿದೀನಂತೆ!" ಎಂದು ಬೈದಳು.

ನನ್ನ ಕೆಲಸದ ಬಗ್ಗೆ ಆ ಅಂಗಳ ನನಗೆ ಕಲಿಸಿದ್ದು ಇಷ್ಟು. ಆಮೇಲಿನ ವರ್ಷಗಳಲ್ಲಿ ಕೂಸು ಸತ್ತು ಹುಟ್ಟಿದಾಗೆಲ್ಲ, ತೊಳೆದು ಬಟ್ಟೆ ಸುತ್ತಿ, ಗಂಡಸರ ಕೈಗೆ ಕೊಡುವ ಮುಂಚೆ ತಾಯಿಯನ್ನು ಕೇಳುತ್ತಿದ್ದೆ: ನೋಡ್ತೀಯೇನವ್ವ? ಬೇಡ ಎಂದವರಿಗೆ ತೋರಿಸಲಿಲ್ಲ. ಆದರೆ ಕೂಸು ಹೇಗಿತ್ತು ಎಂದು ನೋಡಿ ನೆನಪಿಟ್ಟುಕೊಂಡೆ, ಮುಂದೆ ಎಂದಾದರೂ ಕೇಳಿದರೆ ಹೇಳಲು. ಮನೆಯ ಹಿರಿಯರು ಬೈದರು. ಬೈಸಿಕೊಂಡೆ. ತಾಯಿಗೆ ಅರ್ಥವಾಗಲೆಂದು ಮಾತನ್ನು ಹೇಗೆ ಬೇಕಾದರೂ ತಿರುಗಿಸಬಹುದು, ಮುದ್ದೆಯನ್ನು ರೊಟ್ಟಿ ಮಾಡಬಹುದು. ಸಾವನ್ನು ನಿದ್ದೆ ಮಾಡಬಾರದು.

ನಾನು ವರ್ಗವಾಗಿ ನ್ಯಾಮತಿಗೆ ಹೋದೆ. ಯುದ್ಧ ಮುಗಿದ ಮರುವರ್ಷ ಅಲ್ಲಿ ಒಂದು ಮನೆಯ ಅಂಗಳದಲ್ಲಿ ಹೆಂಗಸರು ಹುಣಸೆಹಣ್ಣು ಕುಟ್ಟುತ್ತ ದಾರಿ ಪದ ಹಾಡುತ್ತಿದ್ದರು. ಬ್ಯಾಗು ಕೆಳಗಿಟ್ಟು ಕೊನೆಯವರೆಗೂ ಕೂತೆ. ಕೊನೆಯ ಊರು ನ್ಯಾಮತಿಯಾಗಿತ್ತು. ಹೆಂಗಸರು ಬಂದು ಕಂಬಳಿ ಇಳಿಸಿಕೊಂಡರು, ಪದ ಮುಗಿಯಿತು, ಎಲ್ಲರೂ ಸೆರಗು ಕೊಡವಿ ಎದ್ದರು. ನಾನು ಏಳಲಿಲ್ಲ. ಮುಂದೆ ಹುಣಸೆ ಮರ ಬರುತ್ತದೆ, ನೆರಳು ಬರುತ್ತದೆ ಎಂದು ಕಾಯುತ್ತಿದ್ದೆ. ಅದು ಪದದಲ್ಲಿ ಇಲ್ಲ ಎಂದು ನೆನಪಾದಾಗ, ಎಷ್ಟೋ ವರ್ಷದ ಮೇಲೆ, ನನಗೆ ಅಳು ಬಂತು.