ಹೊಣಕೆರೆ ದಾರಿಯ ಟೈರು

ನನಗೆ ಬರುವ ವಿದ್ಯೆ ಒಂದೇ. ಯಾರ ದನಿಯನ್ನಾದರೂ ಹೇಳದೆ ಕೇಳದೆ ಎರವಲು ತರುತ್ತೇನೆ. ಪಾಲಹಳ್ಳಿಯ ಪಟೇಲರು ಎಲೆಅಡಿಕೆ ಉಗುಳುವ ಮೊದಲು ಎಳೆಯುವ ಉಸಿರು, ಶ್ರೀರಂಗಪಟ್ಟಣದ ಸ್ಟೇಷನ್ನಿನಲ್ಲಿ ವಡೆ ಮಾರುವವನ ಮೂಗಿನ ರಾಗ, ನಮ್ಮ ಮೇಷ್ಟರು ತೂಕಡಿಕೆಯಿಂದ ಎಚ್ಚೆತ್ತು "ಹೂಂ, ಮುಂದೆ ಓದು" ಎನ್ನುವ ಗತ್ತು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದವು. ನಿನ್ನ ಸ್ವಂತ ದನಿ ಯಾವುದಯ್ಯಾ ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚನೆ ಮಾಡಬೇಕಾಗುತ್ತಿತ್ತು. ಅಕ್ಕಯ್ಯನನ್ನು ಕೇಳಿದ್ದರೆ ತಕ್ಷಣ ಹೇಳುತ್ತಿದ್ದಳು. ಆದರೆ ಅವಳನ್ನು ನಾಗಮಂಗಲದ ಕಡೆ ಹೊಣಕೆರೆಗೆ ಕೊಟ್ಟುಬಿಟ್ಟಿದ್ದರು.

ನನ್ನ ಮೊದಲ ಪ್ರೇಕ್ಷಕಿ ಅವಳೇ. ಒಲೆಯ ಮುಂದೆ ಮುದ್ದೆ ತೊಳಸುತ್ತಾ ಕೂತವಳ ಎದುರು ನಾನು ಪಟೇಲರಾಗಿ ಬಂದು ನಿಂತರೆ, ಕೋಲು ಕೈಬಿಟ್ಟು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಕೊನೆಗೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಒರಗುತ್ತಿದ್ದಳು. ಮುದ್ದೆ ಗಂಟಾಗುತ್ತಿತ್ತು. ಬೈಗಳು ಇಬ್ಬರಿಗೂ ಬೀಳುತ್ತಿದ್ದವು. ಅವಳು ಹೋದ ಮೇಲೆ ಊರೇ ನನ್ನನ್ನು ನೋಡಿ ನಗುತ್ತಿತ್ತು, ನಿಜ. ಆದರೆ ಯಾರೂ ನಗಬೇಕಾದ ಜಾಗದಲ್ಲಿ ನಗುತ್ತಿರಲಿಲ್ಲ. ಒಂದು ಉಸಿರು ಮುಂಚೆ, ಇಲ್ಲವೇ ಒಂದು ಉಸಿರು ತಡ.

ಆಗ ನನಗಿದ್ದ ಕೆಲಸಕ್ಕೆ ಹೆಸರಿರಲಿಲ್ಲ. ಊರಿನ ದೊಡ್ಡ ಗದ್ದೆಯವರ ಮನೆಯ ಕಿರಿಯ ಮಗನನ್ನು ನಾವೆಲ್ಲ ಸಣ್ಣ ಧಣಿ ಎನ್ನುತ್ತಿದ್ದೆವು. ಸೀಮೆಗೆ ವಾಪಸು ಹೊರಟಿದ್ದ ಮೈಸೂರಿನ ಒಬ್ಬ ಇಂಗ್ಲಿಷ್ ದೊರೆಯಿಂದ ಅವರು ಪುಟ್ಟದೊಂದು ಓಟದ ಕಾರು ಕೊಂಡು ತಂದಿದ್ದರು. ಎರಡೇ ಸೀಟು. ಮೇಲೆ ಸೂರಿಲ್ಲ. ಬಾಗಿಲು ಮೊಣಕಾಲೆತ್ತರ. ಹಿಂಭಾಗ ದೋಣಿಯ ಮೂತಿಯಂತೆ ಚೂಪು. ಬಲಗಡೆ ಅವರು, ಎಡಗಡೆ ನಾನು. ಹ್ಯಾಂಡಲ್ ತಿರುಗಿಸಿ ಎಂಜಿನ್ನು ಎಬ್ಬಿಸುವುದು, ಎಮ್ಮೆ ಅಡ್ಡ ಬಂದರೆ ಇಳಿದು ಅದರ ಮನವೊಲಿಸುವುದು, ಮಿಕ್ಕ ಹೊತ್ತು ಧಣಿಯನ್ನು ನಗಿಸುವುದು ನನ್ನ ಪಾಲು. ಡ್ರೈವರೂ ಅಲ್ಲ, ಕ್ಲೀನರೂ ಅಲ್ಲ. ಹಾರನ್ನಿನ ರಬ್ಬರು ಬುರುಡೆ ಒಡೆದುಹೋಗಿದ್ದ ದಿನಗಳಲ್ಲಿ ಹಾರನ್ನೂ ನಾನೇ ಆಗಿದ್ದೆ.

ಆ ಕಾರಿನ ಸುದ್ದಿಯನ್ನು ಅಕ್ಕಯ್ಯನಿಗೆ ಹೇಳಿದ್ದು ಗೌರಿ ಬಾಗಿನ ಕೊಡಲು ಹೋದಾಗ. ಅಪ್ಪನಿಗೆ ಮಂಡಿನೋವು; ವರ್ಷವರ್ಷವೂ ತವರಿನ ಮೊರ ಹೊತ್ತು ಹೊಣಕೆರೆಗೆ ಹೋಗುವುದು ನಾನೇ. ಒಂದಿಷ್ಟು ದೂರ ಯಾರದಾದರೂ ಗಾಡಿ, ಮಿಕ್ಕಿದ್ದು ನಡಿಗೆ. ಧೂಳು ಮೆತ್ತಿಕೊಂಡು ಜಗಲಿಯ ಮೇಲೆ ಕೂತರೆ ಅವಳ ಅತ್ತೆ ನೀರು ಕೊಟ್ಟು, "ನಡ್ಕಂಡೇ ಬಂದ್ಯಾ? ನಮ್ಮ ದೊಡ್ಡ ಸೊಸೆ ಅಣ್ಣ ಮೋಟಾರು ಬಸ್ಸಲ್ಲಿ ಬಂದ್ ಇಳ್ದ ಕಣಪ್ಪ, ಬಟ್ಟೆ ಒಂಚೂರೂ ಮಾಸಿರ್ನಿಲ್ಲ" ಎಂದರು. ಆ ಮಾತಿನ ಒನಪನ್ನು ನಾನು ಅಲ್ಲೇ ಗಂಟಲಿಗೆ ಇಳಿಸಿಕೊಂಡೆ. ಅತ್ತೆ ಒಳಗೆ ಹೋದ ಕೂಡಲೇ ಅಕ್ಕಯ್ಯನಿಗೆ ಮಾಡಿಯೂ ತೋರಿಸಿದೆ. ಅವಳು ನಕ್ಕಳು. ಆದರೆ ಆ ಸಲ ಅವಳೂ ಒಂದು ಉಸಿರು ತಡ.

ಆಮೇಲೆ ಮೊರದ ಅಂಚು ಸವರುತ್ತಾ ಹೇಳಿದಳು: "ಲೇ ತಮ್ಮಯ್ಯ, ಆ ಮೋಟಾರಲ್ಲಿ ನಂಗೂ ಒಂದ್ಸಲ ಜಾಗ ಮಾಡ್ಕೊಡ್ಲಾ. ದೂರ ಏನ್ ಬ್ಯಾಡ. ಈ ಬಾಗ್ಲಿಂದ ಆ ಕೆರೆ ಏರಿ ತಂಕ. ಇವ್ರೆಲ್ಲ ಜಗ್ಲಿ ಮ್ಯಾಲೆ ನಿಂತ್ಕಂಡು ನೋಡ್ತಿರ್ಬೇಕು, ನಾನು ತಿರುಗೂ ನೋಡ್ಬಾರ್ದು. ಅಷ್ಟೇ ಸಾಕು."

"ಆಗ್ಲಿ ಬುಡಕ್ಕಯ್ಯ, ಬರೋ ಗೌರಿಗೆ" ಎಂದೆ, ಕಾರು ನಮ್ಮಪ್ಪನದೇ ಎಂಬಂತೆ.

ಮಾತು ಕೊಡುವುದು ಸುಲಭ. ಆ ದಾರಿಗೆ ಟೈರು ಬೇಕಲ್ಲ. ದೊರೆ ಬಿಟ್ಟುಹೋದ ಟೈರುಗಳು ನಮ್ಮ ಮೇಷ್ಟರ ತಲೆಯಷ್ಟೇ ನುಣುಪು. ಒಂದರಲ್ಲಿ ಒಳಗಿನ ನೂಲು ಹಲ್ಲು ಕಿರಿಯುತ್ತಿತ್ತು. ಸಣ್ಣ ಧಣಿಯನ್ನು ಕೇಳಿದಾಗ ಅವರು ಬೂಟುಗಾಲಿನಿಂದ ಚಕ್ರ ಒದ್ದು ಹೇಳಿದರು: "ಹಿರೋಡೆ ದಾಟಿದ್ರೆ ಬರೀ ಕಿತ್ತೋದ ಜಲ್ಲಿ ಕಣೋ. ಈ ಬೋಡು ಟೈರಲ್ಲಿ ಹೋದ್ರೆ ಕಾರು ವಾಪಸ್ ಬರೋದು ಎತ್ತಿನ ಗಾಡಿ ಮೇಲೆ. ಹೊಸಾವು ಹಾಕ್ಸ್ದಾಗ ನೋಡುಮ. ಗಟ್ಟಿ ಟೈರು ಆದ್ರೆ ನಿಮ್ಮಕ್ಕನ ಮನೆ ಬಾಗ್ಲಿಗೇ ಬುಡ್ತೀನಿ, ಆಯ್ತಾ?"

ಅಂದಿನಿಂದ ನಾನು ಆ ಟೈರುಗಳು ಬೇಗ ಸಾಯಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡೆ. ಕರಿಘಟ್ಟದ ದೇವರು ಮೊದಲು ಒಲಿದ. ಆಷಾಢದ ಒಂದು ಜಡಿಮಳೆಯಲ್ಲಿ ಬೆಟ್ಟ ಇಳಿದು ಲೋಕಪಾವನಿ ಹೊಳೆಯ ಕಡೆ ತಿರುಗುವಲ್ಲಿ ಧಣಿ ಬ್ರೇಕು ಒತ್ತಿದರು. ಕಾರು ನಿಲ್ಲಲಿಲ್ಲ. ಭರತನಾಟ್ಯದವಳ ಹಾಗೆ ಅರ್ಧ ಸುತ್ತು ತಿರುಗಿ, ಬಂದ ದಾರಿಗೇ ಮುಖ ಮಾಡಿ, ಬೇಲಿಗೆ ಬೆನ್ನು ಕೊಟ್ಟು ನಿಂತಿತು. ನಾನು ಸೀಟಿನಿಂದ ಎಗರಿ ಕತ್ತಾಳೆಯ ಪಕ್ಕ ಕೂತಿದ್ದೆ. ಧಣಿಯ ಮುಖ ಬೂದಿಯಾಗಿತ್ತು. "ಬುದ್ಧಿ, ದೇವರು ಇನ್ನೊಂದ್ಸಲ ಕೈಮುಗಿದೋಗಿ ಅಂತಾವ್ನೆ" ಎಂದೆ. ಅವರು ನಗಲಿಲ್ಲ. "ನಾಳೆಗೇ ಟೈರು" ಎಂದರು.

ಅಷ್ಟರಲ್ಲಿ ಅವರ ತಲೆಗೆ ಇನ್ನೊಂದು ಹುಳುವೂ ಹೊಕ್ಕಿತ್ತು. ಮೈಸೂರಿನ ಸ್ನೇಹಿತನೊಬ್ಬನ ಬಳಿಯೂ ಇಂಥದೇ ಕಾರು. ನವರಾತ್ರಿ ಕಳೆದ ಮೇಲೆ ಮೈಸೂರಿಂದ ಶ್ರೀರಂಗಪಟ್ಟಣದ ಸೇತುವೆಯವರೆಗೆ ಯಾರು ಮೊದಲು ಎಂದು ಇಬ್ಬರೂ ಪಣ ಕಟ್ಟಿಕೊಂಡಿದ್ದರು.

ಮೈಸೂರಿನ ಟೈರಿನಂಗಡಿಯವರು ಕೋಟು, ಪೇಟ, ಹಣೆಯಲ್ಲಿ ಅಕ್ಷತೆಯ ಮನುಷ್ಯ. ಎರಡು ಮಾತಿಗೊಮ್ಮೆ "ಏನೂಂತೀರಿ?" ಎನ್ನುತ್ತಿದ್ದರು; ಏನಾದರೂ ಅನ್ನಲು ಬಾಯಿ ತೆರೆದರೆ ಬಿಡುತ್ತಿರಲಿಲ್ಲ. ಎರಡು ಜಾತಿ ಟೈರು ಉರುಳಿಸಿ ತಂದರು.

"ಇದು ನೋಡಿ ಸ್ವಾಮಿ, ಓಟದ್ದು. ಹಗುರ. ಜಾಸ್ತಿ ಗಾಳಿ ಹಿಡಿಯುತ್ತೆ, ನೆಲಕ್ಕೆ ಅಂಟಿಯೂ ಅಂಟದ ಹಾಗೆ ಓಡುತ್ತೆ. ತಿರುವಿನಲ್ಲಿ ಸ್ಟೇರಿಂಗ್ ಹೇಳಿದ ಮಾತು ಕೇಳುತ್ತೆ, ಏನೂಂತೀರಿ? ಟಾರು ರಸ್ತೆಗೆ ಹೇಳಿ ಮಾಡಿಸಿದ್ದು. ಇನ್ನು ಇದು ಗಟ್ಟಿ ಟೈರು. ಕೃಷ್ಣರಾಜಪೇಟೆಯ ವಕೀಲರೊಬ್ಬರು ಹಾಕಿಸಿಕೊಂಡು ಹೋದವರು ಇನ್ನೂ ಈ ಕಡೆ ತಲೆ ಹಾಕಿಲ್ಲ, ಏನೂಂತೀರಿ?"

ಓಟದ್ದರ ಮೈಮೇಲೆ ಬಾಚಣಿಗೆಯಲ್ಲಿ ಎಳೆದಂತೆ ಸಣ್ಣ ಉದ್ದ ಗೀರುಗಳು. ಪಕ್ಕದ ಗೋಡೆ ತೆಳು. ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಗಟ್ಟಿಯದರ ಮೈ ಹಲಸಿನ ಕಾಯಿಯಂತೆ ಮುಳ್ಳುಮುಳ್ಳು. ಅದರ ಪಕ್ಕೆಗೆ ಬಡಿದರೆ ಕೈಗೇ ನೋವು. ಆದರೆ ತೂಕ. ಅದನ್ನು ಹಾಕಿದರೆ ಸ್ಟೇರಿಂಗು ಹಟಮಾರಿ ಹೋರಿಯಾಗುತ್ತದೆ, ಓಟ ಕುಗ್ಗುತ್ತದೆ ಎಂದು ಅಂಗಡಿಯವರೂ ಒಪ್ಪಿಕೊಂಡರು.

ನಾನು ಗಟ್ಟಿ ಟೈರಿನ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ಅದನ್ನು ಕರುವಿನಂತೆ ನೇವರಿಸುತ್ತಿದ್ದೆ. "ಬುದ್ಧಿ, ಕರಿಘಟ್ಟದ ತಿರುವಿಗೆ ಇದೇ ಸರಿ. ಕೆಸ್ರಲ್ಲಿ ಕಚ್ಕಂಡ್ ನಿಂತ್ಬುಡ್ತದೆ" ಎಂದೆ. ದೊಡ್ಡ ಧಣಿಗಳ ದನಿಯಲ್ಲಿ, "ಹೋರಿ ತರೂದಾದ್ರೆ ಬಣ್ಣ ನೋಡ್ಬ್ಯಾಡ, ಗೊರಸು ನೋಡ್ಲಾ ಮಗ್ನೇ" ಎಂದೂ ಹೇಳಿದೆ. ತಮ್ಮಪ್ಪನ ದನಿ ಕೇಳಿ ಸಣ್ಣ ಧಣಿ ಬೆಚ್ಚಿ ಬಾಗಿಲ ಕಡೆ ನೋಡಿದರು. ಅಂಗಡಿಯವರು ನಕ್ಕರು. ಧಣಿಯ ಮನಸ್ಸು ಗಟ್ಟಿಯ ಕಡೆ ವಾಲಿತು, ಮತ್ತೆ ಓಟದ ಕಡೆ ಹೊರಳಿತು, ಮತ್ತೆ ವಾಲಿತು. ಕೊನೆಗೆ ಸ್ಟೂಲಿನ ಮೇಲೆ ಕೂತು ಬೆವರು ಒರೆಸಿಕೊಂಡು ಹೇಳಿದರು:

"ಲೇ ಕೋತಿ, ಒಂದ್ ಕೆಲ್ಸ ಮಾಡು. ಎರಡು ಟೈರಲ್ಲೂ ನಮ್ ಕಾರು ಎಂಗ್ ಓಡ್ತದೆ ಅಂತ ಮಾಡಿ ತೋರ್ಸ್ಲಾ. ಕಣ್ಮುಚ್ಕಂಡ್ ಕೇಳ್ತೀನಿ. ಯಾವ್ದು ಹಿಡುಸ್ತದೋ ಅದು."

ದೇವರು ತಾನಾಗಿ ಬಂದು ಬಾಗಿಲು ತಟ್ಟುವುದೆಂದರೆ ಇದೇ ಎಂದುಕೊಂಡೆ. ಮೊದಲು ಗಟ್ಟಿಯದು. ಹಿರೋಡೆಯ ರೈಲ್ವೆ ಗೇಟಿನಿಂದ ಎಂಜಿನ್ನು ಎಬ್ಬಿಸಿದೆ. ಕುಂತಿಬೆಟ್ಟದ ಬಂಡೆಗಳಿಗೆ ಸದ್ದು ತಾಗಿ ಮರಳುವುದನ್ನು ಮಾಡಿದೆ. ಜಲ್ಲಿ ಟೈರಿನ ಹಲ್ಲಿಗೆ ಸಿಕ್ಕು ಕಟಕಟ ಎನ್ನುವುದು, ಹಳ್ಳದ ಮರಳಿನಲ್ಲಿ ಗುರುಗುರು ಎಂದು ದಾಟುವುದು, ಏರಿನಲ್ಲಿ ಗೇರು ಬದಲಿಸಿ ನಿಟ್ಟುಸಿರು ಬಿಡುವುದು, ಹೊಣಕೆರೆಯ ಏರಿಯ ಮೇಲೆ ಹಾರನ್ನು. ಕಣ್ಣು ಮುಚ್ಚಿಯೇ ಧಣಿ ತಲೆದೂಗಿದರು. "ಚೆಂದಾಗೈತೆ ಕಣ್ಲಾ."

ಓಟದ್ದನ್ನು ಸೊಳ್ಳೆಯಂತೆ ಪಿರಿಪಿರಿ ಎನ್ನಿಸಿ ಅರ್ಧ ದಾರಿಯಲ್ಲಿ 'ಟಪ್' ಎಂದು ಒಡೆಸಿಬಿಡುವುದೆಂದು ಯೋಚಿಸಿಕೊಂಡಿದ್ದೆ. ಸೊಳ್ಳೆಯಂತೆಯೇ ಶುರುಮಾಡಿದೆ. ಆದರೆ ಅಷ್ಟು ಹೊತ್ತಿಗೆ ಅಂಗಡಿಯ ಮುಂದೆ ಜನ ನಿಂತಿದ್ದರು: ಒಬ್ಬ ಜಟಕಾದವನು, ಹೂ ಮಾರುವವಳು, ಸೈಕಲ್ ಹಿಡಿದ ಇಬ್ಬರು ಕಾಲೇಜಿನವರು. ಎದುರಿಗೆ ನಾಲ್ಕು ಜನ ನಿಂತರೆ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಸೊಳ್ಳೆ ಜೇನಾಯಿತು. ಎರಡನೆಯ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು. ಮೂರನೆಯದರಲ್ಲಿ ರಸ್ತೆಯೇ ಹಾಡತೊಡಗಿತು. ಸಾಲುಮರಗಳು ಹುಶ್ ಹುಶ್ ಎಂದು ಹಿಂದೆ ಸರಿದವು. ಸೇತುವೆಯ ಮೇಲೆ ಒಂದೊಂದು ಕಲ್ಲುಕಂಬವೂ ಸದ್ದನ್ನು ಹಿಡಿದು ವಾಪಸು ಎಸೆಯಿತು. ಕೆಳಗೆ ಕಾವೇರಿ ಹರಿಯುವುದನ್ನೂ ಮಾಡಿದೆನೆಂದು ಕಾಣುತ್ತದೆ. ಮುಗಿಸಿ ಬ್ರೇಕು ಹಾಕಿದಾಗ ಅಂಗಡಿಯವರಿಗೆ ಏನೆನ್ನುತ್ತೀರಿ ಎಂದು ಕೇಳುವುದೂ ಮರೆತುಹೋಗಿತ್ತು.

ಧಣಿ ಕಣ್ಣು ತೆರೆದರು. "ಅದೇ. ಅದ್ನೇ ಕೊಡಿ."

ಒಡೆಸುವುದು ನೆನಪಾದದ್ದು ಆಗ. ತಡವಾಗಿ "ಟಪ್" ಎಂದೆ. ಜನ ಚಪ್ಪಾಳೆ ತಟ್ಟುತ್ತಿದ್ದರು, ಯಾರಿಗೂ ಕೇಳಿಸಲಿಲ್ಲ.

ಹೊಸ ಟೈರಿನ ಕಾರು ಟಾರು ರಸ್ತೆಯಲ್ಲಿ ಚೆನ್ನಾಗಿಯೇ ಓಡಿತು. ಆದರೆ ಧಣಿಗೆ ಸಮಾಧಾನವಿಲ್ಲ. "ನೀನ್ ಮಾಡಿದ್ ಸದ್ದು ಬರ್ತಾನೇ ಇಲ್ವಲ್ಲೋ" ಎಂದು ಗೊಣಗುವರು. ಕೊನೆಗೆ ಅವರು ಓಡಿಸುತ್ತಿದ್ದರೆ ಪಕ್ಕದಲ್ಲಿ ಕೂತು ನಾನೇ ಆ ಸದ್ದು ಮಾಡಬೇಕಾಯಿತು. ಗಾಳಿಗೆ ಬಾಯಿ ತೆರೆದು, ನುಸಿ ನುಂಗುತ್ತಾ, ಕಾರಿನೊಳಗೆ ಕೂತು ಕಾರಾದವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಗೌರಿ ಹತ್ತಿರವಾದಾಗ ಒಮ್ಮೆ ಕೇಳಿದೆ. "ಈ ಟೈರ್ಗೆ ಆ ಕಲ್ಲು ತಾಗ್ಸೂಕಾದದಾ? ಪಕ್ಕೆ ಅರಿದೋಯ್ತದೆ. ನೀನೇ ಆರ್ಸ್ಕೊಟ್ಟಿದ್ದಲ್ವೇನೋ" ಎಂದರು. ಹೌದಲ್ಲ.

ಮೊರ ಹೊತ್ತು ನಡೆದೇ ಹೋದೆ. ಕೆರೆಯ ಏರಿ ಹತ್ತಿದಾಗ ಬಿಸಿಲು ಇಳಿದಿತ್ತು. ನೀರಿನಾಚೆ ಅವಳ ಮನೆಯ ಹೆಂಚು ಕಾಣುತ್ತಿತ್ತು. ಬೇಕೆಂದು ಮಾಡಲಿಲ್ಲ, ಬಾಯಿ ತಾನಾಗಿ ಶುರುಮಾಡಿತು. ಗಟ್ಟಿ ಟೈರಿನ ಕಾರು. ಜಲ್ಲಿಯ ಕಟಕಟ, ಏರಿನ ನಿಟ್ಟುಸಿರು, ಕೊನೆಗೆ ಅವಳ ಬೀದಿಗೆ ತಿರುಗುವಾಗ ಹಾರನ್ನು. ಹುಡುಗರು "ಮೋಟಾರು ಮೋಟಾರು!" ಎಂದು ಓಡಿಬಂದರು. ನಾಯಿಗಳು ಬಂದವು. ಓರಗಿತ್ತಿ ಬಾಗಿಲಿಗೆ ಬಂದಳು, ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾ ಜಗಲಿಗೆ ಬಂದರು. ಅವರೆಲ್ಲರನ್ನೂ ಸರಿಸಿಕೊಂಡು ಹಿಟ್ಟಿನ ಕೈಯಲ್ಲೇ ಅಕ್ಕಯ್ಯ ಬೀದಿಗೆ ಬಂದಳು.

ತಲೆಯ ಮೇಲೆ ಮೊರ ಹೊತ್ತ ನಾನು ನಿಂತಿದ್ದೆ.

ಅವಳ ಕಣ್ಣು ನನ್ನನ್ನು ದಾಟಿ ಏರಿಯ ಕಡೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು.

"ಮೋಟಾರೆಲ್ಲಿ?" ಎಂದರು ಅತ್ತೆ.

"ಇವ್ನೇ ಕಣತ್ತೆ ಮೋಟಾರು" ಎಂದಳು ಅಕ್ಕಯ್ಯ, ಮೊರ ಇಳಿಸಿಕೊಳ್ಳುತ್ತಾ. "ನಡ್ಕಂಡ್ ಬರೋ ಮೋಟಾರು. ಎಣ್ಣೆ ಬ್ಯಾಡ, ಎರಡ್ ಮುದ್ದೆ ಆಕುದ್ರೆ ಆಯ್ತು." ಅತ್ತೆಯೂ ನಕ್ಕರು. ಊಟಕ್ಕೆ ಕೂತಾಗ ಟೈರಿನ ಅಂಗಡಿಯ ಕಥೆಯನ್ನೆಲ್ಲ ಹೇಳಿದೆ. ಅಂಗಡಿಯವರಾದೆ, ಧಣಿಯಾದೆ, ತಡವಾದ "ಟಪ್" ಕೂಡ ಆದೆ. ಎಲ್ಲರೂ ಉರುಳಾಡಿದರು. "ಟಪ್" ಬಂದಾಗ ಅಕ್ಕಯ್ಯ ಮಾತ್ರ ನಗದೆ ನನ್ನ ಎಲೆಗೆ ಇನ್ನಷ್ಟು ಸಾರು ಬಿಟ್ಟಳು.

ಬೆಳಿಗ್ಗೆ ಹೊರಟಾಗ ಏರಿಯವರೆಗೆ ಕಳಿಸಲು ಬಂದಳು. ಜಗಲಿಯ ಮೇಲೆ ಅತ್ತೆ, ಓರಗಿತ್ತಿ ನಿಂತಿದ್ದರು. ನಾಲ್ಕು ಹೆಜ್ಜೆ ಬಂದವಳು ನನ್ನ ಬಲಗಡೆಯಿಂದ ಎಡಗಡೆಗೆ ಬಂದಳು. ಎಡಗಡೆಯ ಸೀಟಿನ ವಿಷಯ ನಾನೇ ಎಂದೋ ಹೇಳಿದ್ದೆ.

"ಮಾಡ್ಲಾ" ಎಂದಳು ಮೆಲ್ಲಗೆ. "ಗಟ್ಟಿ ಟೈರುಂದು. ನಮ್ ದಾರಿದು."

ಎಂಜಿನ್ನು ಎಬ್ಬಿಸಿದೆ. ಅವಳಿಗೆ ಮಾತ್ರ ಕೇಳುವಷ್ಟು. ಮೊದಲನೆಯ ಗೇರಿನಲ್ಲೇ ನಡೆದೆವು. ಗಾಳಿಯೇ ಇರಲಿಲ್ಲ, ಆದರೂ ಅವಳು ಸೆರಗಿನ ತುದಿಯನ್ನು ಎಳೆದು ಬಿಗಿಯಾಗಿ ಹಿಡಿದುಕೊಂಡಳು. ಹಳ್ಳ ಬಂದಲ್ಲಿ ನಾನು ಗುರುಗುರು ಎಂದೆ, ಅವಳು ಒಂಚೂರು ಕುಲುಕಿದಳು. ಬೆನ್ನು ನೆಟ್ಟಗಿತ್ತು. ಒಂದು ಸಲವೂ ತಿರುಗಿ ನೋಡಲಿಲ್ಲ.

ಏರಿಯ ತುದಿಯಲ್ಲಿ, "ನಿಲ್ಸು ತಮ್ಮಯ್ಯ. ಇಲ್ಲೇ ಇಳ್ಕತೀನಿ" ಎಂದಳು.

ಬ್ರೇಕು ಹಾಕಿದೆ. ಮೊಣಕಾಲೆತ್ತರದ ಬಾಗಿಲನ್ನು ತೆಗೆದು ಇಳಿದವಳಂತೆ ಕಾಲು ಎತ್ತಿ ಆಚೆ ಇಟ್ಟಳು. ನಾನು ಹೊರಟೆ. ಎಂಜಿನ್ನು ಆರಿಸಲಿಲ್ಲ. ಅವಳು ಅಲ್ಲೇ ನಿಂತು ಕೇಳುತ್ತಿದ್ದಾಳೆಂದು ಬೆನ್ನಿಗೆ ಗೊತ್ತಾಗುತ್ತಿತ್ತು. ಎರಡನೆಯ ಗೇರು, ಮೂರನೆಯದು. ದಾರಿ ತಿರುಗಿ ಏರಿ ಮರೆಯಾದ ಮೇಲೂ, ಬಾಯಿ ಒಣಗುವವರೆಗೂ ಸದ್ದು ಮಾಡುತ್ತಲೇ ನಡೆದೆ.