ಲಿಯೋನ್ಸಿಯೊನ ಇಬ್ಬರು ಕುಂಪಾರೆಗಳು

ಮರಿಕೀನ ಊರಿನಲ್ಲಿ ಬೂಟು ಹೊಲಿಯುವವರ ಬಾಯಲ್ಲಿ ಹಗಲಿಡೀ ಮೊಳೆ. ಮರದ ಅಚ್ಚಿನ ಮೇಲೆ ತೊಗಲನ್ನು ಜಗ್ಗಿ ಹಿಡಿಯಲು ಎರಡೂ ಕೈ ಬೇಕು, ಹಾಗಾಗಿ ಮೊಳೆಗೆ ತುಟಿಯೇ ಡಬ್ಬಿ. ಲಿಯೋನ್ಸಿಯೊ ಹದಿಮೂರು ವರ್ಷ ಹೀಗೆ ಮೊಳೆ ಕಚ್ಚಿಕೊಂಡು ದುಡಿದವನು. ಮಿತಭಾಷಿ, ಗಂಭೀರ ಮನುಷ್ಯ ಎಂದು ಓಣಿಯೆಲ್ಲ ಅವನನ್ನು ಹೊಗಳುತ್ತಿತ್ತು. ಪಾಪ, ಮೊಳೆ ನುಂಗುವ ಭಯಕ್ಕೆ ಸುಮ್ಮನಿರುತ್ತಿದ್ದ, ಅಷ್ಟೆ.

ಅವನ ಪಾಲಿನ ಮಾತನ್ನೂ ಆಡುತ್ತಿದ್ದವನು ಪಕ್ಕದ ಮಣೆಯ ಮಕಾರಿಯೊ. ಅಂಟಿನ ಕೋಣೆಗೆ ಒಂದು ಕಿಟಕಿಯಾದರೂ ಇಡಿಸಿ, ಹೆಂಗಸರು ಆ ವಾಸನೆಗೆ ತಲೆ ತಿರುಗಿ ಬೀಳುತ್ತಿದ್ದಾರೆ ಎಂದು ಕಾರ್ಖಾನೆಯ ಧಣಿ ದೋನ್ ಪ್ರುದೆನ್ಸಿಯೊನ ಮುಖಕ್ಕೇ ಹೇಳಿ ಅವನು ಕೆಲಸ ಕಳೆದುಕೊಂಡ. ಕಿಟಕಿ ಇಡಿಸಬೇಕು, ಮಕಾರಿಯೊನನ್ನು ವಾಪಸ್ ಕರೆಯಬೇಕು ಎಂದು ಮೂವತ್ತೊಂದು ಜನ ಒಂದು ಕಾಗದಕ್ಕೆ ಸಹಿ ಹಾಕಿದರು. ಅದನ್ನು ಮಹಡಿಗೆ ಒಯ್ದು ಕೊಡುವ ಕೆಲಸ ಲಿಯೋನ್ಸಿಯೊನ ತಲೆಗೆ ಬಂತು. ಧಣಿಗೆ ಅವನ ಮೇಲೆ ಸಿಟ್ಟಿರಲಿಲ್ಲ ಎನ್ನುವುದು ಒಂದು ಕಾರಣ. ಮಕಾರಿಯೊ ಅವನ ಕುಂಪಾರೆ ಆಗುವವನಿದ್ದ ಎನ್ನುವುದು ಇನ್ನೊಂದು.

ಲಿಯೋನ್ಸಿಯೊನ ಹೆಂಡತಿ ಫೆಲೀಸಾ ಆಗಷ್ಟೇ ಹೆಣ್ಣು ಹೆತ್ತಿದ್ದಳು. ಜ್ಞಾನಸ್ನಾನದ ದಿನ ಮಗುವಿಗೆ ಧರ್ಮತಂದೆಯಾಗಿ ನಿಂತವನು ಮಗುವಿನ ಅಪ್ಪನಿಗೆ ಕುಂಪಾರೆ, ಒಡಹುಟ್ಟಿದವನಿಗಿಂತ ಒಂದು ಕೈ ಮೇಲು. ಕುಂಪಾರೆಯ ಎದುರು ದೂರಿನ ಕಾಗದ ಹಿಡಿದು ನಿಂತವನನ್ನು ನಮ್ಮ ಕಡೆ ಮನುಷ್ಯರ ಸಾಲಿಗೆ ಸೇರಿಸುವುದಿಲ್ಲ.

ಇದು ದೋನ್ ಪ್ರುದೆನ್ಸಿಯೊಗೂ ಚೆನ್ನಾಗಿ ಗೊತ್ತಿತ್ತು. ಕಾಗದ ಇನ್ನೂ ಲಿಯೋನ್ಸಿಯೊನ ಜೇಬಿನಲ್ಲಿರುವಾಗಲೇ, ಎಂದೂ ಮೆಟ್ಟಿಲಿಳಿಯದ ಆ ಮನುಷ್ಯ ಇಳಿದು ಬಂದು ಅವನ ಮಣೆಯ ಮುಂದೆ ನಿಂತ.

"ಹೆಣ್ಣು ಮಗು ಅಂತೆ? ಒಳ್ಳೇದಾಯ್ತು. ಧರ್ಮತಂದೆ ನಾನಾಗ್ತೀನಿ ಕಣಯ್ಯ. ಮನೇಲಿ ಹೇಳು."

ಬಾಯಲ್ಲಿ ಆರು ಮೊಳೆ. ಲಿಯೋನ್ಸಿಯೊ ತಲೆಯಾಡಿಸಿದ. ಹೌದೆಂದು ಆಡಿಸಿದನೋ ಬೇಡವೆಂದೋ ಅವನಿಗೇ ತಿಳಿಯಲಿಲ್ಲ. ದೋನ್ ಹೌದೆಂದೇ ಲೆಕ್ಕ ಹಿಡಿದು ಬೆನ್ನು ತಟ್ಟಿ ಹೋದ.

"ಇಬ್ಬರೂ ಇರ್ಲಿ ಬಿಡು," ಎಂದಳು ಫೆಲೀಸಾ. "ಎದುರು ಮನೆ ಕೂಸಿಗೆ ಎಂಟು ಜನ ಧರ್ಮತಂದೆಯರಿದ್ದಾರೆ."

"ಕೆಲಸದಿಂದ ತೆಗೆದೋರನ್ನೂ ತೆಗೆಸಿಕೊಂಡೋನನ್ನೂ ಒಂದೇ ಸಾಲಲ್ಲಿ ನಿಲ್ಲಿಸ್ತೀಯಾ? ಧಣಿ ಏನಂದ್ಕೋತಾರೆ?"

"ಹಂಗಾದ್ರೆ ಧಣೀಗೇ ಬೇಡ ಅನ್ನು."

"ನೀನೇ ಅನ್ನು, ನೋಡೋಣ."

ಅವಳೂ ಅನ್ನಲಿಲ್ಲ. ಮಗಳು ಕಾನ್ವೆಂಟ್ ಶಾಲೆಗೆ ಹೋಗುವುದು ಅವಳ ಕಣ್ಣಿಗೆ ಆಗಲೇ ಕಾಣತೊಡಗಿತ್ತು.

ಮಕಾರಿಯೊಗೆ ಈ ವಿಷಯ ಹೇಳಲು ಲಿಯೋನ್ಸಿಯೊ ಮೂರು ಸಲ ಹೋಗಿ ಎರಡು ಸಲ ಹವಾಮಾನದ ಮಾತಾಡಿ ಬಂದ. ಮೂರನೆಯ ಸಲ ಮಕಾರಿಯೊನೇ ನಕ್ಕ.

"ಗೊತ್ತಾಯ್ತು ಬಿಡೋ. ಅದಕ್ಯಾಕೆ ಹೆಣ ಹೊತ್ತೋನ ಥರ ಮುಖ ಮಾಡ್ಕೊಂಡಿದೀಯ? ಅವತ್ತಿನ ಊಟಕ್ಕೆ ಹಂದಿ ಸುಡೋಕಾದ್ರೂ ನನ್ನ ಕರೀತೀಯೋ, ಅದಕ್ಕೂ ದೋನೇ ಬರ್ತಾರೋ?"

ಲಿಯೋನ್ಸಿಯೊನೂ ನಕ್ಕ. ಮನೆಗೆ ಬಂದ ಮೇಲೆ ಯಾಕೆ ನಕ್ಕೆನೆಂದು ತನ್ನನ್ನೇ ಬೈದುಕೊಂಡ.

ಭಾನುವಾರ ಇಗರ್ಜಿಯಲ್ಲಿ ಒಂಬತ್ತು ಕೂಸುಗಳು, ಒಂಬತ್ತೂ ಅಳುತ್ತಿದ್ದವು. ದೋನ್ ಬರಲಿಲ್ಲ. ಕಾರಿನ ಡ್ರೈವರ್ ಬಂದು, ಮನೆಗೆ ನೆಂಟರು ಬಂದಿದ್ದಾರೆ, ಧಣಿಯ ಬದಲಿಗೆ ಯಾರನ್ನಾದರೂ ನಿಲ್ಲಿಸಿಕೊಳ್ಳಬೇಕಂತೆ ಎಂದು ಹೇಳಿ, ತಾನೂ ನಿಲ್ಲದೆ ಹೊರಟುಹೋದ. ಪಾದ್ರಿಗೆ ಅವಸರ. ಸುತ್ತ ಕಣ್ಣಾಡಿಸಿ, ಹಿಂದಿನ ಬಾಗಿಲಲ್ಲಿ ಹೊಗೆ ಹಿಡಿದ ಅಂಗಿಯಲ್ಲಿ ನಿಂತಿದ್ದವನನ್ನು ಬೆರಳು ಮಾಡಿ ಕರೆದರು.

"ಬಾಪ್ಪಾ, ನೀನೇ ಹಿಡ್ಕೋ."

ಹಂದಿ ಸುಡುವುದನ್ನು ಭಾವಮೈದುನನಿಗೆ ಒಪ್ಪಿಸಿ ಇಣುಕಲು ಬಂದಿದ್ದ ಮಕಾರಿಯೊ ಹೀಗೆ ಮಗುವನ್ನೆತ್ತಿಕೊಂಡ. ಮೇಣದಬತ್ತಿ ಹಿಡಿದ, ಮಗುವಿನ ಪರವಾಗಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಲೂರ್ದೆಸ್ ಎಂದು ಹೆಸರಿಟ್ಟಾಗ ಅವಳು ಅವನ ಹೆಬ್ಬೆರಳು ಹಿಡಿದು ಅಳು ನಿಲ್ಲಿಸಿದಳು. ಇಗರ್ಜಿಯ ಪುಸ್ತಕದಲ್ಲಿ ಮಾತ್ರ ಧರ್ಮತಂದೆ ದೋನ್ ಪ್ರುದೆನ್ಸಿಯೊ ಎಂದು ಬರೆದರು.

ಹಾಗಾದರೆ ಕುಂಪಾರೆ ಯಾರು? ಹೆಸರಿನವನೋ, ಹೆಬ್ಬೆರಳಿನವನೋ? ಊಟದ ಹೊತ್ತಿಗೆ ಮಕಾರಿಯೊನನ್ನು ಏನೆಂದು ಕರೆಯಬೇಕೆಂದು ತೋಚದೆ ಲಿಯೋನ್ಸಿಯೊ ಅವನನ್ನು "ಏಯ್" ಎಂದು ಕರೆದ.

ಸೋಮವಾರ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಮಹಡಿ ಹತ್ತಿದ.

"ಬಾ ಕುಂಪಾರೆ," ಎಂದ ದೋನ್. "ಜೇಬಲ್ಲೇನದು? ಕುಂಪಾರೆಗಳ ನಡುವೆ ಕಾಗದ ಯಾಕೆ? ಬಾಯಲ್ಲಿ ಹೇಳು."

ಬಾಯಲ್ಲಿ ಒಂದು ಮೊಳೆಯೂ ಇರಲಿಲ್ಲ. ಆದರೂ ತುಟಿ ಬಿಗಿದಿತ್ತು.

"ಕಿಟಕಿ..." ಎಂದ.

"ಇಡಿಸೋಣ. ಇವತ್ತಿಂದ ನೀನು ಮೇಸ್ತ್ರಿ, ನಿಂತು ನೀನೇ ಇಡಿಸು. ಆ ಮನುಷ್ಯನ ವಿಷಯ ಮಾತ್ರ ಎತ್ತಬೇಡ."

ಲಿಯೋನ್ಸಿಯೊ ಎತ್ತಲಿಲ್ಲ. ಕಾಗದ ಮನೆಗೆ ಬಂದು ದೇವಮಾತೆಯ ಪಟದ ಹಿಂದೆ ಸೇರಿತು.

ಕಿಟಕಿ ಬಂತು. ಒಂದಲ್ಲ, ಎರಡು. ಅಂಟಿನ ಕೋಣೆಯ ಹೆಂಗಸರು ಅವನ ಕೈ ಹಿಡಿದು ಹರಸಿದರು. ಆದರೆ ಅವನು ಊಟದ ಡಬ್ಬಿ ಹಿಡಿದು ಹತ್ತಿರ ಬಂದರೆ ಮಣೆಗಳಲ್ಲಿ ಕೂತವರ ನಗು ತಟ್ಟನೆ ನಿಲ್ಲುತ್ತಿತ್ತು. ಬರಿಗಾಲಲ್ಲಿ ಬೂಟು ಹೊಲಿದವನು ಈಗ ಬೂಟು ತೊಟ್ಟು, ಕೆಟ್ಟ ಜೊತೆಗಳ ಅಟ್ಟೆಗೆ ಕೆಂಪು ಪೆನ್ಸಿಲಿನಿಂದ ಕತ್ತರಿ ಗುರುತು ಹಾಕುತ್ತಿದ್ದ. ತಾನು ಗೆದ್ದೆನೋ ಸೋತೆನೋ ಅವನಿಗೆ ಬಗೆಹರಿಯಲಿಲ್ಲ. ಕಿಟಕಿ ನೋಡಿದರೆ ಗೆದ್ದಂತೆ, ಪಕ್ಕದ ಖಾಲಿ ಮಣೆ ನೋಡಿದರೆ ಛೀ ಎನ್ನುವಂತೆ.

ಲೂರ್ದೆಸ್‌ಗೆ ಮೂರು ತುಂಬಿದ ವರ್ಷ, ಕ್ರಿಸ್ಮಸ್ ಬೆಳಿಗ್ಗೆ, ಅವಳನ್ನು ಧರ್ಮತಂದೆಯ ಆಶೀರ್ವಾದಕ್ಕೆ ಹೊರಡಿಸಿದ. ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟ: "ಧರ್ಮತಂದೆ ಕೈ ತಗೊಂಡು ಹಣೆಗೆ ಒತ್ತಿಕೋಬೇಕು, ತಿಳೀತಾ ಕಂದಾ?"

ಬಂಗಲೆಯ ಗೇಟಿನಲ್ಲೇ ಕಾವಲುಗಾರ ತಡೆದ. "ಧಣಿ ಮನೇಲಿಲ್ಲ, ಮೇಸ್ತ್ರಿ." ಒಳಗಿನಿಂದ ದೋನ್‌ನ ಕೆಮ್ಮು ಕೇಳಿಸಿತು. ಉಡುಗೊರೆ ಕೊಡಬೇಕಾಗುತ್ತದೆಂದು ಕ್ರಿಸ್ಮಸ್ ದಿನ ಧರ್ಮತಂದೆಯರು ಅಡಗುವುದು ಊರಿಗೆಲ್ಲ ತಮಾಷೆಯ ಸಂಗತಿ; ಕಾವಲುಗಾರನೂ ನಗು ತಡೆದುಕೊಂಡೇ ಒಂದು ಪೊಟ್ಟಣ ಕೊಟ್ಟ.

ಇಗರ್ಜಿಯ ಗೋಡೆಯ ಬಳಿ ಬಂದಾಗ ಲೂರ್ದೆಸ್ ಹಟ ಹಿಡಿದು ಪೊಟ್ಟಣ ಬಿಚ್ಚಿಸಿದಳು. ಪುಟ್ಟ ಬಿಳಿ ಬೂಟುಗಳು. ಲಿಯೋನ್ಸಿಯೊ ಒಂದನ್ನು ತಿರುಗಿಸಿ ನೋಡಿದ. ಅಟ್ಟೆಯ ಮೇಲೆ ಅವನದೇ ಕೈಯ ಕೆಂಪು ಕತ್ತರಿ ಗುರುತು. ಒಳಗೆ ಹಿಮ್ಮಡಿಗೆ ಮೊಳೆ ಚುಚ್ಚುತ್ತದೆಂದು ಹೋದ ತಿಂಗಳು ಅವನೇ ಪಕ್ಕಕ್ಕೆಸೆದ ಜೊತೆ. ಅವಮಾನಕ್ಕೆ ಅವನ ಕಿವಿ ಕಾದವು.

ಗೋಡೆಯ ಬುಡದಲ್ಲಿ ಹಳೆ ಚಪ್ಪಲಿ ರಿಪೇರಿ ಮಾಡುತ್ತ ಕೂತಿದ್ದ ಮಕಾರಿಯೊ ಸುಮ್ಮನೆ ಕೈ ಚಾಚಿ ಬೂಟು ಇಸಿದುಕೊಂಡ. ಗುರುತು ನೋಡಿದ. ಒಳಗೆ ಬೆರಳಾಡಿಸಿ ಮೊಳೆಯ ಮೊನೆ ಕಿತ್ತ, ಬಾಯಿಗೆ ಹೊಸ ಮೊಳೆ ತುಂಬಿಕೊಂಡು ಬಡಿಯತೊಡಗಿದ. ಎರಡೂ ಮುಗಿದು ಬೂಟು ಕಾಲಿಗೆ ಹತ್ತಿದ ಮೇಲೆ ಲೂರ್ದೆಸ್ ಅವನ ಅಂಟು ಮೆತ್ತಿದ ಕೈ ಹಿಡಿದು, ದಾರಿಯುದ್ದ ಕಲಿತ ಪಾಠದಂತೆ, ಹಣೆಗೆ ಒತ್ತಿಕೊಂಡಳು.

ಮೂರು ವರ್ಷದಿಂದ ಲಿಯೋನ್ಸಿಯೊನ ಬಾಯಿಗೆ ಬಾರದ ಮಾತು ಈಗ ಬಂತು.

"ಕುಂಪಾರೆ," ಎಂದ.

ಮಕಾರಿಯೊ ಉಳಿದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗಿದುಕೊಂಡ.

"ಯಾರನ್ನ ಕರೆದ್ರಿ, ಮೇಸ್ತ್ರಿ?" ಎಂದು ಕೇಳಿದ. ದನಿಯಲ್ಲಿ ಕೋಪವಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದಂತಿತ್ತು. ಉತ್ತರಕ್ಕೆ ಒಂದು ಕ್ಷಣ ಕಾದು, ಮೊಳೆಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡು, ಪಕ್ಕದಲ್ಲಿದ್ದ ಚಪ್ಪಲಿ ಎತ್ತಿಕೊಂಡ.