ಬೀಗ ಯಾವ ಬಾಗಿಲಿಗೆ

ಹುಣಸೂರಿನ ನಮ್ಮ ಕಟ್ಟಡಕ್ಕೆ ಬಂದಾಗಲೆಲ್ಲ ನೀವಿಬ್ಬರೂ ಒಂದೇ ಪ್ರಶ್ನೆ ಕೇಳುತ್ತೀರಿ. ಬೀದಿ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ, ಮೆಟ್ಟಿಲು ಹತ್ತಿದ ಮೇಲೆ ಹಾಲ್ ಬಾಗಿಲಿಗೆ ಮಾತ್ರ ಮಿಷನ್ ಬೀಗ ಯಾಕೆ ಅಂತ. ನಿಮ್ಮಮ್ಮನನ್ನು ಕೇಳಿದರೆ ಅಜ್ಜಿಯನ್ನು ಕೇಳಿ ಅನ್ನುತ್ತಾಳೆ. ನನಗೆ ಬಾಯಲ್ಲಿ ಹೇಳಲು ಸಂಕೋಚ. ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದೇನೆ, ಬರೆಯಲು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೇಲಿನ ಹಾಲ್ ನಿಮ್ಮ ತಾತನ ಕಾಲದಲ್ಲಿ ದಾಸ್ತಾನಿನ ಕೋಣೆಯಾಗಿತ್ತು. ಹೊಗೆಸೊಪ್ಪು ಕಟ್ಟುವ ದಾರದ ಉಂಡೆಗಳು, ಗೋಣಿಚೀಲ, ಟಾರ್ಪಾಲು ಎಲ್ಲ ಅಲ್ಲೇ. ತಾತ ಹೋದ ಮೇಲೆ ಕೆಳಗಿನ ಅಂಗಡಿಯನ್ನು ಗೊಬ್ಬರದವರಿಗೆ ಬಾಡಿಗೆಗೆ ಕೊಟ್ಟೆವು, ಮೇಲಿನದು ಖಾಲಿ ಬಿತ್ತು. ನಿಮ್ಮಮ್ಮ ಅಲ್ಲಿ ಮೇಜು ಕುರ್ಚಿ ಹಾಕಿಸಿ, ಇಂಟರ್‌ನೆಟ್ ಎಳೆಸಿ ಕೋವರ್ಕಿಂಗ್ ಮಾಡುತ್ತೇನೆ ಅಂದಳು. ಬೇರೆ ಬೇರೆ ಕೆಲಸದವರು ಒಂದೇ ಕಡೆ ಬಂದು ಕೂತು ಅವರವರ ಕೆಲಸ ಮಾಡಿಕೊಳ್ಳುವ ಜಾಗ ಅಂತ ವಿವರಿಸಿದಳು. ನನಗೆ ಅರ್ಥವಾಯಿತು. ಬೀದಿಯವರಿಗೆ ಆಗಲಿಲ್ಲ. ಮೊದಲ ವಾರ ಇಬ್ಬರು ಬಂದು ಜೆರಾಕ್ಸ್ ಇದೆಯಾ ಅಂತ ಕೇಳಿದರು. ಒಬ್ಬರು ಮಗಳನ್ನು ಟ್ಯೂಷನ್‌ಗೆ ಸೇರಿಸಲು ಮಗಳ ಸಮೇತ ಬಂದಿದ್ದರು.

ಎರಡನೇ ತಿಂಗಳಿಗೆ ಮೈಸೂರಿನ ಒಂದು ಕಂಪನಿ ಐದು ಸೀಟು ಕೇಳಿತು. ಅವರ ಹತ್ತಿರ ಕೆಲಸಕ್ಕೆ ಸೇರಿದ್ದ ಐದು ಹುಡುಗಿಯರು ನಮ್ಮ ಕಡೆಯವರು. ಒಬ್ಬಳು ಸರಗೂರಿನಿಂದ, ಇಬ್ಬರು ಪಿರಿಯಾಪಟ್ಟಣದ ಕಡೆಯಿಂದ, ಉಳಿದವರು ಹುಣಸೂರಿನ ಸುತ್ತಲಿನವರು. ಮೈಸೂರಿನವರೆಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಇಬ್ಬರು ಹುಡುಗಿಯರು ಆಗಲೇ ಕೆಲಸ ಬಿಡುವ ಮಾತಾಡಿದ್ದರಂತೆ. ಹುಣಸೂರಿನಲ್ಲೇ ಕೂತು ಮಾಡಬಹುದು ಅಂತ ಕಂಪನಿ ಒಪ್ಪಿತು, ಒಂದು ಷರತ್ತಿನ ಮೇಲೆ. ಹೊರಗಿನವರು ಒಳಗೆ ಬರಬಾರದು. ಯಾರು ಯಾವಾಗ ಬಂದರು ಅನ್ನುವುದು ದಾಖಲೆಯಾಗಬೇಕು. ನಿಮ್ಮ ತಾತನ ಹಿತ್ತಾಳೆ ಬೀಗಕ್ಕೆ ದಾಖಲೆ ಇಡಲು ಬರುತ್ತಿರಲಿಲ್ಲ.

ಹೀಗೆ ಬೀಗದವರು ಬಂದರು. ಒಬ್ಬರೇ ಗಂಡಸು, ಇನ್ನೂ ಚಿಕ್ಕ ವಯಸ್ಸು, ಎಚ್.ಡಿ. ಕೋಟೆ ಕಡೆಯವರು. ಚೀಲದಿಂದ ನಾಲ್ಕು ಥರದ ಬೀಗ ತೆಗೆದು ಮೇಜಿನ ಮೇಲೆ ಬಳೆಗಾರರ ಹಾಗೆ ಹರಡಿದರು. ನಿಮ್ಮಮ್ಮ ಬೆಳಿಗ್ಗೆ ಶಾಲೆಯಲ್ಲಿ ಪಾಠ ಮಾಡಿ ಮಧ್ಯಾಹ್ನ ಬರುತ್ತಾಳಲ್ಲ, ಅಲ್ಲಿಯವರೆಗೆ ಹಾಲ್ ನೋಡಿಕೊಳ್ಳುವವಳು ನಾನು. ಆದ್ದರಿಂದ ಬೀಗ ನನ್ನ ಕೈಗೆ ಒಗ್ಗಬೇಕಿತ್ತು.

ಮೊದಲನೆಯದು ಬೆರಳಚ್ಚಿನದು. ನನ್ನ ಹತ್ತು ಬೆರಳನ್ನೂ ಒಂದೊಂದಾಗಿ ಇಟ್ಟೆ. ಯಾವುದನ್ನೂ ಅದು ಒಪ್ಪಲಿಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ. ರೇಷನ್ ಅಂಗಡಿಯ ಮಿಷನ್ನೂ ಹಾಗೆಯೇ ಮಾಡುತ್ತದೆ. ಮೂವತ್ತು ವರ್ಷ ಹೊಗೆಸೊಪ್ಪು ಕಟ್ಟಿದ ಬೆರಳುಗಳಲ್ಲಿ ಗೆರೆ ಉಳಿದಿಲ್ಲ. ಬೀಗದವರು ಬೆರಳನ್ನು ಒದ್ದೆ ಮಾಡಿಸಿ ನೋಡಿದರು, ಒರೆಸಿಸಿ ನೋಡಿದರು, ಕೊನೆಗೆ ಅದನ್ನು ಚೀಲಕ್ಕೆ ಹಾಕಿಕೊಂಡರು. ಎರಡನೆಯದು ಮೊಬೈಲಿನಿಂದ ತೆಗೆಯುವಂಥದ್ದು. ನನ್ನದು ಬಟನ್ ಫೋನು. ಮೂರನೆಯದು ಕಾರ್ಡು. ಅದು ನನಗೆ ಇಷ್ಟವಾಯಿತು, ಆದರೆ ನನ್ನ ಕನ್ನಡಕ ವಾರಕ್ಕೆ ಎಷ್ಟು ಸಲ ಕಳೆಯುತ್ತದೆ ಅನ್ನುವುದು ನಿಮ್ಮಮ್ಮನಿಗೆ ಗೊತ್ತು. ಉಳಿದದ್ದು ನಂಬರಿನ ಬೀಗ. ಒಬ್ಬೊಬ್ಬರಿಗೆ ಬೇರೆ ಬೇರೆ ನಂಬರು, ಯಾರ ನಂಬರು ಒತ್ತಿದರೂ ನಿಮ್ಮಮ್ಮನ ಮೊಬೈಲಿನಲ್ಲಿ ಪಟ್ಟಿಯಾಗುತ್ತದೆ. ನಾಲ್ಕು ಅಂಕಿ ನೆನಪಿಡುವುದು ನನಗೆ ಕಷ್ಟವಿರಲಿಲ್ಲ.

ಯಾವ ಬಾಗಿಲಿಗೆ ಅಂತ ಅವರು ಕೇಳಲಿಲ್ಲ, ನಾವೂ ಯೋಚಿಸಲಿಲ್ಲ. ಬೀದಿ ಬಾಗಿಲಿಗೆ ಹಾಕಿದರೆ ಇಡೀ ಮೇಲ್ಮಹಡಿ ಭದ್ರ ಅಂದರು. ಹಾಕಿ ಹೋದರು.

ನಮ್ಮ ಶೌಚಾಲಯ ನಿಮಗೆ ಗೊತ್ತಲ್ಲ, ಮೆಟ್ಟಿಲು ಮುಗಿಯುವಲ್ಲಿ, ಹಾಲ್ ಬಾಗಿಲಿನ ಹೊರಗೆ, ಎಡಕ್ಕೆ. ಅದಕ್ಕೆ ನಿಮ್ಮಮ್ಮ ಹೊಸ ಟೈಲ್ಸ್ ಹಾಕಿಸಿದ್ದಳು.

ಬೀಗ ಬಂದ ನಾಲ್ಕನೇ ದಿನ ನಾನು ಕೆಳಗಿಳಿದು ಬೀದಿ ಬಾಗಿಲ ಮುಂದೆ ನೀರು ಚಿಮುಕಿಸುತ್ತಿದ್ದೆ. ಎದುರಿನ ತಾಲ್ಲೂಕು ಕಚೇರಿಗೆ ಬಂದ ಒಬ್ಬ ಹೆಂಗಸು ಕೈಯಲ್ಲಿ ಕಾಗದಪತ್ರದ ಕವರು ಹಿಡಿದು ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ತುಟಿ ಒಣಗಿತ್ತು. ಎದ್ದು ನಿಲ್ಲುತ್ತಾಳೆ, ಮತ್ತೆ ಕೂರುತ್ತಾಳೆ. ಕೇಳುವ ಮೊದಲೇ ನನಗೆ ತಿಳಿಯಿತು.

"ಅಕ್ಕ, ಎಂಗಸ್ರಿಗೆ ಇಲ್ಲೆಲ್ಲಾರ ಜಾಗ ಐತಾ?" ಅಂದಳು. "ಬಸ್ ಸ್ಟ್ಯಾಂಡ್ ಗಂಟ ಓದ್ರೆ ನನ್ ಸರದಿ ಓಯ್ತದೆ."

ನಾನು ನಂಬರು ಒತ್ತಿ ಮೇಲೆ ಕಳಿಸಿದೆ.

ಇದನ್ನು ನೀವು ತಿಳಿದುಕೊಳ್ಳಬೇಕು. ಹಳ್ಳಿಯಿಂದ ಹುಣಸೂರಿಗೆ ಕಾಗದಪತ್ರದ ಕೆಲಸಕ್ಕೆ ಬರುವ ಹೆಂಗಸು ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಕೆಲವರು ಹಿಂದಿನ ರಾತ್ರಿಯಿಂದಲೇ ಬಿಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ನಿಮ್ಮ ತಾತ ಹೋದ ವರ್ಷ ಜಮೀನಿನ ಖಾತೆ ನನ್ನ ಹೆಸರಿಗೆ ಮಾಡಿಸಲು ನಾನೂ ಹಾಗೆಯೇ ಬಂದಿದ್ದೆ. ಮಧ್ಯಾಹ್ನದವರೆಗೆ ತಡೆದೆ. ಆಮೇಲೆ ಆಗಲಿಲ್ಲ, ಜಾಗ ಹುಡುಕಿಕೊಂಡು ಹೋದೆ. ತಿರುಗಿ ಬರುವಷ್ಟರಲ್ಲಿ ನನ್ನ ಹೆಸರು ಕೂಗಿ ಮುಗಿದಿತ್ತು. ಎಲ್ಲಿಗೆ ಹೋಗಿದ್ದೆ ಅಂತ ನಿಮ್ಮಪ್ಪ ಕೇಳಿದ. ಬಿಸಿಲಿಗೆ ತಲೆ ಸುತ್ತಿತು ಅಂದೆ. ಆ ಒಂದು ಹೆಸರು ಮತ್ತೆ ಕೂಗಿಸಲು ಇನ್ನೂ ಮೂರು ಸಲ ಬರಬೇಕಾಯಿತು.

ಮಾರನೆಯ ದಿನ ಆ ಹೆಂಗಸು ಇನ್ನೊಬ್ಬಳನ್ನು ಕರೆದುಕೊಂಡು ಬಂದಳು. ಅದರ ಮಾರನೆಯ ದಿನ ಬೇರೆ ಇಬ್ಬರು ಬಂದರು. ಒಬ್ಬೊಬ್ಬರಿಗೂ ಇಳಿದು ಹತ್ತಿ ನನ್ನ ಮಂಡಿ ಹಿಡಿದುಕೊಂಡಿತು. ಹಾಗಾಗಿ ಒಬ್ಬಳಿಗೆ ನನ್ನ ನಂಬರು ಹೇಳಿದೆ. ಯಾರಿಗೂ ಹೇಳಬೇಡ ಅಂದೆ. ಅವಳು ಯಾರಿಗೂ ಹೇಳಿರಲಾರಳು, ಅಗತ್ಯವಿದ್ದವರಿಗೆ ಮಾತ್ರ ಹೇಳಿರಬೇಕು. ಮುಂದಿನ ಸೋಮವಾರ ನಾನು ಹಾಲ್‌ನಲ್ಲಿ ಕೂತಿದ್ದಂತೆ ಬೀದಿ ಬಾಗಿಲು ತಾನಾಗಿ ತೆರೆಯುತ್ತಲೇ ಇತ್ತು. ಎಲ್ಲರೂ ಮಾತಿಲ್ಲದೆ ಹತ್ತಿ, ಮಾತಿಲ್ಲದೆ ಇಳಿಯುತ್ತಿದ್ದರು. ಹೋಗುವಾಗ ಬಕೆಟ್ಟಿಗೆ ನೀರು ತುಂಬಿಸಿಟ್ಟು ಹೋಗುತ್ತಿದ್ದರು.

ಆ ವಾರದ ಪಟ್ಟಿ ಕಂಪನಿಗೆ ಹೋಯಿತು. ಐದು ಹುಡುಗಿಯರದು ದಿನಕ್ಕೆ ಎರಡು ಮೂರು ಸಲ, ನಿಮ್ಮಮ್ಮನದು ಒಂದು ಸಲ ಇತ್ತು. ಉಳಿದ ಪಟ್ಟಿಯೆಲ್ಲ ನಾನೇ. ಆ ಬೀಗ ಒಳಗೆ ಬಂದದ್ದನ್ನು ಬರೆದುಕೊಳ್ಳುತ್ತದೆಯೇ ಹೊರತು ಹೊರಗೆ ಹೋದದ್ದನ್ನಲ್ಲ. ಹಾಗಾಗಿ ಅದು ಹೇಳುವ ಪ್ರಕಾರ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಒಳಗೆ ಬರುತ್ತಲೇ ಇದ್ದೆ, ಒಂದು ಸಲವೂ ಹೊರಗೆ ಹೋಗಿರಲಿಲ್ಲ.

ಸಂಜೆ ನಿಮ್ಮಮ್ಮ ಮೊಬೈಲ್ ಹಿಡಿದುಕೊಂಡು ನನ್ನ ಪಕ್ಕ ಕೂತಳು.

"ಅತ್ತೆ, ಸೋಮವಾರ ಅಷ್ಟೊಂದು ಸಲ ಯಾಕೆ ಹತ್ತಿ ಇಳಿದ್ರಿ?"

"ಮಂಡಿಗೆ ಒಳ್ಳೇದು ಕಣಮ್ಮ," ಅಂದೆ.

"ಹನ್ನೊಂದು ಗಂಟೆಗೆ ಒಂದೇ ನಿಮಿಷದಲ್ಲಿ ಮೂರು ಸಲ ಹತ್ತಿದೀರಲ್ಲ?"

ನಾನು ಸೊಪ್ಪು ಬಿಡಿಸುತ್ತಾ ಕೂತೆ. ಅವಳು ಬೈಯಲಿಲ್ಲ. ಬೀಗವೇ ಕೆಟ್ಟಿದೆ ಅಂತ ತೀರ್ಮಾನಿಸಿ ಬೀಗದವರಿಗೆ ಫೋನ್ ಮಾಡಿದಳು. ಅತ್ತೆ ಸುಳ್ಳು ಹೇಳುತ್ತಾರೆ ಅನ್ನುವುದಕ್ಕಿಂತ ಬೀಗ ಸುಳ್ಳು ಹೇಳುತ್ತದೆ ಅಂದುಕೊಳ್ಳುವುದು ಅವಳಿಗೆ ಸುಲಭವಾಗಿರಬೇಕು. ಪಟ್ಟಿ ನೋಡಿ ಅನುಮಾನಪಟ್ಟ ಕಂಪನಿಯವರು ಮುಂದಿನ ವಾರದ ಶನಿವಾರದವರೆಗೆ ಸಮಯ ಕೊಟ್ಟಿದ್ದರು. ಅಷ್ಟರೊಳಗೆ ಸರಿಹೋಗದಿದ್ದರೆ ಐದು ಜನರೂ ಮತ್ತೆ ಮೈಸೂರಿಗೇ ಬರಬೇಕು ಅಂದಿದ್ದರಂತೆ. ಸರಗೂರಿನ ಹುಡುಗಿ ಅದನ್ನು ಕೇಳಿಸಿಕೊಂಡು ಮತ್ತೆ ಕಂಪ್ಯೂಟರ್ ಕಡೆ ತಿರುಗಿದಳು. ಅವಳ ಮನೆಯವರು ಮೈಸೂರಿನವರೆಗೆ ಇನ್ನು ಕಳಿಸುವುದಿಲ್ಲ ಅನ್ನುವುದು ನಮಗೆಲ್ಲ ಗೊತ್ತಿತ್ತು.

ಗುರುವಾರ ಬೀಗದವರು ಬಂದರು. ನಂಬರು ತೆಗೆದು ಕಾರ್ಡಿನ ಬೀಗ ಹಾಕೋಣ, ಕೆಳಗೆ ಒಂದು ಕ್ಯಾಮೆರಾ ಇಡೋಣ ಅಂದರು. ನಿಮ್ಮಮ್ಮ ಒಪ್ಪಿದಳು. ಇಬ್ಬರೂ ಮಾತಾಡುತ್ತಾ ಬೀದಿ ಬಾಗಿಲ ಹತ್ತಿರ ನಿಂತಿದ್ದರು. ನಾನು ಮೆಟ್ಟಿಲ ಮೇಲಿದ್ದೆ. ಕಾರ್ಡು ಬಂದರೆ ಸೋಮವಾರ ಬರುವವರು ಬಾಗಿಲ ಹೊರಗೇ ನಿಲ್ಲುತ್ತಾರೆ. ಹಾಗೇ ಬಿಟ್ಟರೆ ಹುಡುಗಿಯರ ಸೀಟು ಹೋಗುತ್ತದೆ. ಇದನ್ನು ತಿಳಿದಿದ್ದವಳು ನಾನೊಬ್ಬಳೇ. ಹೇಳಬೇಕಾದ ಮಾತನ್ನು ಮನೆಯ ಗಂಡಸರ ಮುಂದೆಯೇ ಆಡಿದವಳಲ್ಲ ನಾನು, ಇವರು ಹೊರಗಿನವರು.

ಅವರು ಡ್ರಿಲ್ಲಿಗೆ ವೈರು ಸಿಕ್ಕಿಸಿದರು. ಆಗ ಹೇಳಿದೆ. ಗೋಡೆ ನೋಡಿಕೊಂಡು ಹೇಳಿದೆ.

"ಬೀಗ ಕೆಟ್ಟಿಲ್ಲ ಕಣಮ್ಮ. ನಂಬರ್ ಒರಗಿನೋರಿಗೆ ಏಳಿದ್ದು ನಾನೇ. ಒಂದಕ್ಕೆ ಓಗಕ್ಕೆ ಜಾಗ ಇಲ್ದೆ ಎಂಗಸ್ರು ಬತ್ತಾರೆ. ಬೀಗನ ಮೇಲಿನ್ ಬಾಗ್ಲಿಗ್ ಆಕ್ಸು. ಈ ಬಾಗ್ಲು ತೆರ್ದಿರ್ಲಿ."

ಬೀಗದವರು ಡ್ರಿಲ್ ಕೆಳಗಿಟ್ಟರು. ನಿಮ್ಮಮ್ಮ ನನ್ನನ್ನೇ ನೋಡಿದಳು. ನಾನು ಗೋಡೆಯನ್ನೇ ನೋಡುತ್ತಿದ್ದೆ. ಬಣ್ಣ ಒಂದು ಕಡೆ ಎದ್ದಿತ್ತು.

ಆಮೇಲೆ ಅವಳು ಒಂದೊಂದಾಗಿ ಕೇಳಿದಳು. ಹುಡುಗಿಯರೂ ಶೌಚಾಲಯಕ್ಕೆ ಹೊರಗೆ ಬಂದು ಮತ್ತೆ ನಂಬರು ಒತ್ತಿ ಒಳಗೆ ಹೋಗಬೇಕಲ್ಲ ಅಂದಳು. ಅವರಿಗೆ ಕೈ ಇದೆಯಲ್ಲ ಅಂದೆ. ತೊಳೆಯುವವರು ಯಾರು ಅಂದಳು. ನಾನು ಅಂದೆ. ನಿಮಗೆ ಮಂಡಿ ನೋವಲ್ಲವೇ ಅಂದಳು. ಮೆಟ್ಟಿಲು ಹತ್ತಲು ನೋವು, ತೊಳೆಯಲು ನೋವಿಲ್ಲ ಅಂದೆ. ಅಷ್ಟು ಮಾತು ನಾನು ಒಟ್ಟಿಗೆ ಆಡಿದ್ದನ್ನು ಅವಳು ಮದುವೆಯಾಗಿ ಬಂದಾಗಿನಿಂದ ಕೇಳಿರಲಿಲ್ಲ.

ಬೀಗದವರು ಇಷ್ಟು ಹೊತ್ತೂ ವೈರು ಸುತ್ತುತ್ತಿದ್ದರು. ಸುತ್ತಿ ಮುಗಿಸಿ, "ಮೇಲಿನ್ ಬಾಗ್ಲು ಮರದ್ದು, ಪ್ಲೇಟ್ ಕೊಟ್ಟು ಕೂರಿಸ್ಬೇಕು," ಅಂದರು. "ನಂಬರ್ ಬೀಗನೇ ಇರ್ಲಿ. ಅಮ್ಮನ್ ನಂಬರ್ ಮಾತ್ರ ಬದ್ಲಾಯಿಸ್ಬುಡಿ." ಟೇಪು ಹಿಡಿದು ಮೇಲೆ ಹೋದರು. ಹೋಗುತ್ತಾ ಶೌಚಾಲಯದ ಬಾಗಿಲ ಚಿಲಕ ಅಲ್ಲಾಡಿಸಿ ನೋಡಿದರು. ಸಡಿಲವಾಗಿತ್ತು. ಹೇಳದೆಯೇ ಎರಡು ಸ್ಕ್ರೂ ಹಾಕಿ ಬಿಗಿ ಮಾಡಿದರು.

ಶನಿವಾರ ಕಂಪನಿಯಿಂದ ಒಬ್ಬರು ಬಂದು ಮೇಲಿನ ಬಾಗಿಲನ್ನು ಎರಡು ಸಲ ಎಳೆದು ನೋಡಿದರು, ಪಟ್ಟಿ ನೋಡಿದರು, ಸರಿ ಅಂದರು. ಹುಡುಗಿಯರು ಉಳಿದರು. ಸರಗೂರಿನವಳು ಈಗಲೂ ಕಿಟಕಿ ಪಕ್ಕದ ಸೀಟಿನಲ್ಲೇ ಕೂರುತ್ತಾಳೆ. ಹೊಸ ಪಟ್ಟಿಯಲ್ಲಿ ನಾನು ಬೆಳಿಗ್ಗೆ ಒಂದು ಸಲ, ಊಟ ಆದ ಮೇಲೆ ಒಂದು ಸಲ ಬರುತ್ತೇನೆ.

ಕೆಳಗೆ ಶೌಚಾಲಯ ಅಂತ ಬೋರ್ಡ್ ಬರೆಸೋಣವೇ ಅಂತ ನಿಮ್ಮಮ್ಮ ಕೇಳಿದ್ದಳು. ಬೇಡ ಅಂದೆ. ಬೋರ್ಡ್ ಹಾಕಿದರೆ ಗಂಡಸರು ಬರುತ್ತಾರೆ. ಬೋರ್ಡ್ ಇಲ್ಲದೆಯೂ ಒಂದು ದಿನ ಒಬ್ಬರು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ನೋಡಿದರೆ ದೊಡ್ಡವರ ಹಾಗಿದ್ದರು. ಅರ್ಧ ಮೆಟ್ಟಿಲು ಹತ್ತಿದ್ದರು. ನಾನು ಮೇಲೆ, ಹಾಲ್ ಬಾಗಿಲ ಹೊರಗೆ ಕುರ್ಚಿಯಲ್ಲಿದ್ದೆ.

"ಇದು ಎಂಗಸ್ರಿಗೆ ಕಣ್ರೀ," ಅಂದೆ. "ನೀವು ಬಸ್ ಸ್ಟ್ಯಾಂಡಿಗೆ ಓಗಿ."

ಹೊರಗಿನ ಗಂಡಸರಿಗೆ ಬೇಡ ಅಂತ ನಾನು ಹೇಳಿದ್ದು ಅದೇ ಮೊದಲು. ಅವರು ಸರಿ ಅಂತ ಇಳಿದು ಹೋದರು. ನಾನು ಅಂದುಕೊಂಡಷ್ಟು ಕಷ್ಟವೇನೂ ಆಗಲಿಲ್ಲ.